ನಾನು ಹಚ್ಚದ ಸುಣ್ಣ

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥವನ್ನು ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಗಾಳಿ ಬಡಿದಿದೆ ಎಂದರೆ, ಅವಳು ಹೊಟ್ಟೆ ತುಂಬ ಉಂಡಿದ್ದಾಳೋ ಇಲ್ಲವೋ ಮೊದಲು ಕೇಳಿರಿ ಎನ್ನುತ್ತಿದ್ದೆ. ಒರಟು ಬಾಯಿಯವಳು ಎಂಬ ಹೆಸರು ಬಂತು. ಬರಲಿ. ಈಗಲೂ ನನಗೆ ಅವುಗಳಲ್ಲಿ ನಂಬಿಕೆ ಇಲ್ಲ. ಆದರೆ ಒಂದು ಸಂಗತಿ ಮಾತ್ರ ಈ ವಯಸ್ಸಿನವರೆಗೂ ನನ್ನ ತಲೆಗೆ ಹತ್ತಿಲ್ಲ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಬರೆಯುವುದು ನಿಧಾನ. ಬಣ್ಣ ಹಚ್ಚಿ ಹೇಳಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಓದಿದ ಮೇಲೆ ನಿಮಗೆ ತಿಳಿದಂತೆ ತಿಳಿದುಕೊಳ್ಳಿ.

ಇದು ಎಪ್ಪತ್ತರ ದಶಕದ ಮಾತು. ವಿಜಯಪುರಕ್ಕೆ ಆಗ ವಿಜಾಪುರ ಎನ್ನುತ್ತಿದ್ದೆವು. ಅಥಣಿ ರಸ್ತೆಯಲ್ಲಿ ನಮ್ಮವರದೊಂದು ಫಟಫಟಿ ರಿಪೇರಿ ಅಂಗಡಿ ಇತ್ತು. ಫಟಫಟಿ ಎಂದರೆ ಮೋಟಾರ್ ಸೈಕಲ್ಲು, ಈಗಿನವರು ಬೈಕು ಎನ್ನುತ್ತಾರೆ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಆದ್ದರಿಂದ ನಮ್ಮವರು ಎಂದೇ ಬರೆಯುತ್ತೇನೆ. ಅಂಗಡಿಯಲ್ಲಿ ಅರ್ಧ ಪಾಲು ಮೈಬೂಬನದು. ಅವನು ನಮ್ಮವರಿಗೆ ತಮ್ಮನಿದ್ದ ಹಾಗೆ. ನನಗೆ ವೈನಿ ಎನ್ನುತ್ತಿದ್ದ, ದಿನಕ್ಕೊಮ್ಮೆ ನನ್ನನ್ನು ಕೆಣಕದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ.

ಹಿಂದಿನ ವರ್ಷ ಅಂಗಡಿಯಲ್ಲಿ ಜಾಕು ಜಾರಿ ನಮ್ಮವರ ಬಲಗಾಲು ಮುರಿದಿತ್ತು. ಎಲುಬು ಕೂಡಿತು, ಆದರೆ ಮನುಷ್ಯ ಕೂಡಲಿಲ್ಲ. ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುವುದು, ಕರೆದರೆ ಹೂಂ ಎನ್ನುವುದು, ಅಷ್ಟೆ. ನನಗೆ ಅಳುವ ಚಾಳಿ ಇಲ್ಲ, ಆದರೆ ಆ ಹೊರಸನ್ನು ಕಂಡರೆ ಒಲೆಗೆ ಹಾಕಬೇಕು ಎನಿಸುತ್ತಿತ್ತು. ಅಂಥ ದಿನಗಳಲ್ಲಿ ಪುಣೆಯಿಂದ ಒಬ್ಬ ಡಾಕ್ಟರು ಬಂದರು. ಹಿಂದೊಮ್ಮೆ ಗೋಳಗುಮ್ಮಟ ನೋಡಲು ಬಂದಾಗ ಅವರ ಫಟಫಟಿ ಕೆಟ್ಟು ನಮ್ಮವರು ರಿಪೇರಿ ಮಾಡಿಕೊಟ್ಟಿದ್ದರು. ಈಗ ಅವರಿಗೂ ಅವರ ಗೆಳೆಯರಿಗೂ ಒಂದು ಹುಚ್ಚು ಹಿಡಿದಿತ್ತು. ಡಾಂಬರು ರಸ್ತೆ ಬೇಡವಂತೆ. ಬಂಡಿ ದಾರಿ, ಹಳ್ಳ, ಕಲ್ಲು ಮರಡಿ, ಇಂಥಲ್ಲೇ ಗಾಡಿ ಓಡಿಸಬೇಕಂತೆ, ಸಂಜೆಯಾದಲ್ಲಿ ಡೇರೆ ಹೊಡೆದು ಮಲಗಬೇಕಂತೆ. ಮುಂದೆ ನಿಂತು ದಾರಿ ತೋರಿಸಲು ನಮ್ಮವರೇ ಬೇಕಂತೆ. ನಾನು ನಗುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮವರು ಎದ್ದು ಕೂತು, ಟಿಕೋಟಾದಿಂದ ಬಿಜ್ಜರಗಿ ಕಡೆ ಇಳಿದರೆ ಹೇಗೆ, ಡೋಣಿ ಹೊಳೆ ಎಲ್ಲಿ ದಾಟಬೇಕು, ಬಬಲೇಶ್ವರದಿಂದ ಕಾಖಂಡಕಿಗೆ ಒಳದಾರಿ ಯಾವುದು ಎಂದು ಬೆರಳಿಂದ ಹಾಸಿಗೆಯ ಮೇಲೆ ಗೆರೆ ಎಳೆದು ಹೇಳತೊಡಗಿದರು. ನಾನು ನಗು ನುಂಗಿದೆ. ಈ ಕೆಲಸ ಕೆಟ್ಟರೆ ಮನುಷ್ಯ ತಿರುಗಿ ಹೊರಸಿಗೆ ಹೋಗುತ್ತಾನೆ, ಮತ್ತೆ ಏಳುವುದಿಲ್ಲ ಎಂದು ನನಗೆ ಅಂದೇ ಗೊತ್ತಾಯಿತು.

ತಯಾರಿ ಶುರುವಾಯಿತು. ಮೈಬೂಬ ಎಲ್ಲ ಗಾಡಿಗಳ ಮುಂದಿನ ಮಡ್‌ಗಾರ್ಡು ಮೇಲೆತ್ತಿ ಕಟ್ಟುವ ಉಪಾಯ ಮಾಡಿದ, ಕಪ್ಪು ಎರಿ ಮಣ್ಣು ಹಸಿಯಾಗಿದ್ದರೆ ಚಕ್ರಕ್ಕೆ ಮೆತ್ತಿ ಗಾಡಿ ಅಲ್ಲೇ ಹೂತ ಹಾಗೆ ನಿಲ್ಲುತ್ತದೆ. ನಾನು ಹಳೆಯ ತಾಡಪತ್ರಿ ಹರಿದು ಡೇರೆ ಹೊಲಿದೆ, ಕಟಕ ರೊಟ್ಟಿ ಬಡಿದು ಬುಟ್ಟಿ ತುಂಬಿದೆ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ಕುಟ್ಟಿದೆ. ಎಲ್ಲ ಆಯಿತು, ಒಂದು ಆಗಲಿಲ್ಲ. ಡೋಣಿಯ ನೀರು ಉಪ್ಪು, ಬಾಯಿಗೆ ಹಾಕಲು ಬರುವುದಿಲ್ಲ. ಅಷ್ಟು ಜನಕ್ಕೆ ಕುಡಿಯುವ ನೀರು ಹೊತ್ತುಕೊಂಡು ಕಲ್ಲಿನ ಮೇಲೆ ಗಾಡಿ ಓಡಿಸುವುದು ಆಗದ ಮಾತು. ಹೊಳೆಯ ಈಚೆ ಎಲ್ಲಾದರೂ ಸಿಹಿ ನೀರು, ಡೇರೆ ಹೊಡೆಯುವಷ್ಟು ಗಟ್ಟಿ ನೆಲ, ಎರಡೂ ಒಂದೇ ಕಡೆ ಸಿಗಬೇಕು. ಸಿಗದಿದ್ದರೆ ಅವರನ್ನು ಕರೆಯುವುದೇ ಬೇಡ ಎಂದು ನಮ್ಮವರು ಮತ್ತೆ ಗೋಡೆ ನೋಡಲು ಶುರು ಮಾಡಿದರು. ಕೂತು ಚಿಂತೆ ಮಾಡಿದರೆ ನೀರು ಬರುವುದಿಲ್ಲ, ಹೋಗಿ ನೋಡೋಣ ನಡೆಯಿರಿ ಎಂದೆ.

ನಾನು ಹೋಗಲೇಬೇಕಿತ್ತು. ಅವರ ಕಾಲಿಗೆ ಕಿಕ್ ಹೊಡೆಯುವ ಶಕ್ತಿ ಇನ್ನೂ ಬಂದಿರಲಿಲ್ಲ. ನಾನು ಹಿಂದಿನಿಂದ ನೂಕುವುದು, ಗಾಡಿ ಚಾಲೂ ಆದ ಮೇಲೆ ಸೀರೆ ಎತ್ತಿ ಕಟ್ಟಿ ಓಡಿ ಹತ್ತುವುದು. ಕೈಯಲ್ಲಿ ಸುಣ್ಣದ ಬಕೀಟು. ದಾರಿ ಕವಲೊಡೆಯುವಲ್ಲೆಲ್ಲ ಒಂದು ಕಲ್ಲಿಗೆ ಸುಣ್ಣದ ಗುರುತು ಹಾಕಿ ಬರುವುದು ನಮ್ಮವರ ಯೋಚನೆ, ಧೂಳಿನಲ್ಲಿ ಯಾರಾದರೂ ಹಿಂದೆ ಬಿದ್ದರೆ ದಾರಿ ತಪ್ಪಬಾರದಲ್ಲ. ಕುಂಚ ಮನೆಯಲ್ಲೇ ಮರೆತಿದ್ದೆ. ಬೆರಳು ಅದ್ದಿ ಕಲ್ಲಿನ ಮೇಲೆ ಅಡ್ಡ ಎಳೆದುಬಿಡುತ್ತಿದ್ದೆ, ಮೂರು ಬೆರಳಿಗೆ ಮೂರು ಗೆರೆ. ಇಲ್ಲಿ ಒಂದು ಮಾತು ಹೇಳಬೇಕು. ಸಣ್ಣವಳಿದ್ದಾಗ ದನಕ್ಕೆ ಜೋಳದ ಕಣಿಕೆ ಕಡಿಯುವಾಗ ಕೊಡಲಿ ಬಿದ್ದು ನನ್ನ ಬಲಗೈಯ ನಡುಬೆರಳಿನ ತುದಿ ಹೋಗಿದೆ. ಹೀಗಾಗಿ ನಾನು ಎಳೆದಲ್ಲೆಲ್ಲ ನಡುವಿನ ಗೆರೆ ಎಡಗಡೆಯಿಂದ ಒಂದು ಗೆಣ್ಣು ಗಿಡ್ಡ ಬರುತ್ತಿತ್ತು.

ಬಿಜ್ಜರಗಿ ದಾಟಿ ಹೊಳೆಯ ಕಡೆ ಇಳಿಯುವಾಗ ಮಧ್ಯಾಹ್ನ ಜಾರಿತ್ತು. ಜೋಳದ ಸುಗ್ಗಿ ಮುಗಿದು ಹೊಲಗಳೆಲ್ಲ ಬೋಳು. ಒಂದು ನರಪಿಳ್ಳೆ ನಡೆದರೂ ಅಷ್ಟು ದೂರದಿಂದ ಕಾಣುವ ನೆಲ ಅದು. ಒಂದು ಜಾಲಿ ಗಿಡದ ಹತ್ತಿರ ದಾರಿ ಎರಡಾಯಿತು. ಎಡಕ್ಕೆ ಹೋದರೆ ಹೊಳೆ ದಾಟುವ ಜಾಗ. ಬಲಕ್ಕೆ ಏನಿದೆ ಎಂದು ನಮ್ಮವರಿಗೂ ಗೊತ್ತಿರಲಿಲ್ಲ, ಬರೀ ಕಲ್ಲು ಮರಡಿ ಕಾಣುತ್ತಿತ್ತು. ಎಡಗಡೆ ಗುರುತು ಹಾಕಲು ನಾನು ಇಳಿದೆ. ಬಲದಾರಿಯ ಬದಿಯ ಕಲ್ಲಿನ ಮೇಲೆ ಆಗಲೇ ಮೂರು ಗೆರೆ ಇದ್ದವು. ನಡುವಿನದು ಗಿಡ್ಡ, ಎಡಗಡೆಯಿಂದ ಒಂದು ಗೆಣ್ಣು.

ಮುಟ್ಟಿದೆ. ಬೆರಳಿಗೆ ಹಸಿ ಸುಣ್ಣ ಹತ್ತಿತು. ಆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸುಣ್ಣ ಹಚ್ಚಿ ತಿರುಗುವುದರಲ್ಲಿ ಒಣಗಿ ಬೆಳ್ಳಗಾಗುತ್ತದೆ, ಬೆಳಗಿನಿಂದ ನೋಡುತ್ತಿದ್ದೆ. ಇದು ಇನ್ನೂ ನೀರು ನೀರಾಗಿತ್ತು. ನಮ್ಮವರು ಕುಂಟುತ್ತ ಬಂದು ನೋಡಿದರು. ಯಂತ್ರ ಬಿಚ್ಚಿ ಕೂಡಿಸುವ ಮನುಷ್ಯ, ನನ್ನ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟು ತಾಳೆ ನೋಡಿದರು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಖರೇ ಹೇಳ, ನೀ ಯಾವಾಗ ಬಂದಿದ್ದಿ ಇಲ್ಲಿ?” ಎಂದರು.

“ಮದಿವ್ಯಾದಾಗಿಂದ ನೀವು ಎಲ್ಲೆರ ಕರಕೊಂಡ ಹೋಗೀರೇನ್ರಿ, ನಾ ಬರಾಕ?” ಎಂದೆ. ಬಕೀಟು ತೆಗೆದು ನೋಡಿದೆ, ಯಾರಾದರೂ ನಮ್ಮದೇ ಸುಣ್ಣ ತೆಗೆದುಕೊಂಡು ಚೇಷ್ಟೆ ಮಾಡಿದರೋ ಎಂದು. ಸುಣ್ಣ ಇದ್ದಷ್ಟೇ ಇತ್ತು. ಮಾಡಲಾದರೂ ಅಲ್ಲಿ ಯಾರಿದ್ದರು?

ತಿರುಗಿ ಹೋಗೋಣ ಎಂದರು ನಮ್ಮವರು. ತಿರುಗಿ ಹೋದರೆ ಎಲ್ಲಿಗೆ, ಹೊರಸಿಗೆ. ನಾನು ಗಾಡಿ ಬಲಕ್ಕೆ ನೂಕಿದೆ. ಮುಂದೆ ಇನ್ನೊಂದು ಕಲ್ಲು, ಅದೇ ಮೂರು ಗೆರೆ. ಮತ್ತೊಂದು. ಮರಡಿ ಏರಿ ಇಳಿದರೆ ಒಂದು ದೊಡ್ಡ ಬೇವಿನ ಮರ, ಅದರ ಬುಡದಲ್ಲಿ ಒಂದು ಕಲ್ಲು, ಅದಕ್ಕೂ ಸುಣ್ಣ. ಪಕ್ಕದಲ್ಲಿ ಗಟ್ಟಿ ನೆಲ, ಕಟ್ಟಿದ ಬಾವಿ. ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಕಣ್ಣುಗಳು ಹೂವು ಬಂದು ಬೆಳ್ಳಗಾಗಿದ್ದವು. ಗಾಡಿಯ ಸದ್ದು ನಿಂತ ಮೇಲೆ ನಾನು, ನೀರು ಸಿಹಿ ಐತೇನ್ರಿ ಎಂದು ಕೇಳಿದೆ. ಅವಳು ತಲೆ ಎತ್ತಿದಳು.

“ಮತ್ತ ಬಂದ್ಯಾ ಯವ್ವಾ? ಈಗರ ನೀರ ಕುಡದ ಹೋದೆಲ್ಲ. ಗಂಡನ್ನ ಕರಕೊಂಡ ಬರ್ತೇನಿ ಅಂದಿದ್ದಿ, ಕರಕೊಂಡ ಬಂದಿ ಬಿಡು.”

ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನೀರು ಸೇದಿ ಕುಡಿದೆವು. ಸಿಹಿ ನೀರು, ಅಂಥ ನೀರು ಆ ಸೀಮೆಯಲ್ಲಿ ನಾನು ಕುಡಿದಿರಲಿಲ್ಲ.

ಮುಂದೆ ಪುಣೆಯವರು ಬಂದರು. ನಡುವೆ ಒಂದು ಅಮಾವಾಸ್ಯೆ ಕಳೆದಿತ್ತು. ನಾನು ಈ ಸಲವೂ ನಮ್ಮವರ ಹಿಂದೆಯೇ ಕೂತೆ, ರೊಟ್ಟಿ ಬುಟ್ಟಿ ಬೇರೆಯವರ ಕೈಗೆ ಕೊಡುವ ಮನಸ್ಸಿರಲಿಲ್ಲ. ಟಿಕೋಟಾ ದಾಟಿ ಬಂಡಿ ದಾರಿಗೆ ಇಳಿದು ನಮ್ಮ ಮೊದಲನೆಯ ಗುರುತಿನ ಹತ್ತಿರ ಬಂದರೆ, ಒಬ್ಬ ಹೆಣ್ಣುಮಗಳು ಆ ಕಲ್ಲಿಗೆ ಐದು ಸುತ್ತು ಬರುತ್ತಿದ್ದಾಳೆ. ಕಲ್ಲಿನ ಮೇಲೆ ಮೂರು ಬಿಳಿ ಗೆರೆ ಕಂಡರೆ ನಮ್ಮ ಕಡೆ ಜನ ಏನು ತಿಳಿಯುತ್ತಾರೆ, ವಿಭೂತಿ ಎಂದೇ ತಿಳಿಯುತ್ತಾರೆ. ಆ ಬುದ್ಧಿ ನಮಗಿಬ್ಬರಿಗೂ ಇರಲಿಲ್ಲ. ಮುಂದಿನ ಕಲ್ಲಿಗೆ ಕುಂಕುಮ, ಅದರ ಮುಂದಿನದಕ್ಕೆ ಕಾಯಿ ಒಡೆದಿದ್ದರು. ಕುರಿ ಕಾಯುವ ಒಬ್ಬ ಹಿರಿಯ ನಮ್ಮ ಗಾಡಿಗಳನ್ನು ತಡೆದು, ದೇವರ ಮುಂದೆ ಇಷ್ಟು ಧೂಳು ಎಬ್ಬಿಸುತ್ತೀರಾ ಎಂದು ಬೈದು, ಚಪ್ಪಲಿ ಬೂಟು ಬಿಚ್ಚಿಸಿ ಎಲ್ಲರಿಂದ ಕೈ ಮುಗಿಸಿದ. ಡಾಕ್ಟರು ಭಕ್ತಿಯಿಂದ ಕಾಯಿ ಹೋಳು ತಿಂದರು. ಹಿಂದಿನ ಗಾಡಿಯಿಂದ ಮೈಬೂಬ ನನ್ನ ಕಿವಿಗೆ ಬೀಳುವಷ್ಟೇ ಹೇಳಿದ: “ವೈನಿ, ಸುಣ್ಣ ಹಚ್ಚಿ ಬರ್ರಿ ಅಂದ್ರ, ದಾರಿ ತುಂಬ ದೇವರ ಕುಂದರಿಸಿ ಬಂದೀರಲ್ರಿ. ನಮ್ಮ ಅಂಗಡಿ ಮುಂದ ಒಂದ ಗೆರಿ ಎಳೀರಿ, ಗಿರಾಕಿ ಬರಲಿ.” ನಾನು ತುಟಿ ಕಚ್ಚಿ ನಗು ತಡೆದೆ. ಅದು ನನ್ನ ಕೈ ಎಂದು ಆ ಹಿರಿಯನಿಗೆ ಹೇಳಲಿಲ್ಲ, ಹೇಳಿದ್ದರೆ ಕುರಿ ಕೋಲಿನಿಂದ ಹೊಡೆಯುತ್ತಿದ್ದನೋ, ನನಗೇ ಕುಂಕುಮ ಹಚ್ಚುತ್ತಿದ್ದನೋ.

ಬೇವಿನ ಮರದ ಕೆಳಗೆ ಡೇರೆ ಹೊಡೆದರು. ನಾನು ಹೊಲಿದ ಒಂದು ಡೇರೆ ಸೊಟ್ಟ ನಿಂತಿತು, ಆದರೆ ನಿಂತಿತು. ಸಂಜೆಗೆ ಬಿಸಿ ಬಿಸಿ ಝುಣಕ, ಕಟಕ ರೊಟ್ಟಿ. ಪುಣೆಯವರು ಹಿಂಡಿ ಖಾರವೆಂದು ಕಣ್ಣಲ್ಲಿ ನೀರು ತಂದುಕೊಂಡರೂ ತಿನ್ನುವುದು ಬಿಡಲಿಲ್ಲ. ನಮ್ಮವರು ನಡುವೆ ಕೂತು, ನಾಳೆ ಹೊಳೆ ಹೇಗೆ ದಾಟಬೇಕು, ಬಬಲೇಶ್ವರದ ಕಡೆ ಎರಿ ನೆಲ ಬಿರುಕು ಬಿಟ್ಟಲ್ಲಿ ಚಕ್ರ ಹೇಗೆ ಉಳಿಸಬೇಕು ಎಂದು ದನಿ ಎತ್ತಿ ಹೇಳುತ್ತಿದ್ದರು. ವರ್ಷಕ್ಕೂ ಮಿಕ್ಕಿ ನಾನು ಆ ದನಿ ಕೇಳಿರಲಿಲ್ಲ. ಸುಖ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಸಂಜೆಯನ್ನೇ ಹೇಳುತ್ತೇನೆ.

ಮುದುಕಿ ಅಂದೂ ಇದ್ದಳು. ಅವಳು ಆ ಹೊಲದವರ ಮನೆಯವಳೇ, ಊಟ ಕೊಟ್ಟರೆ ಉಂಡಳು, ಕೆಮ್ಮಿದಳು, ಎಲೆ ಅಡಿಕೆ ಕೇಳಿದಳು. ದೆವ್ವ ಎಲೆ ಅಡಿಕೆ ಕೇಳುವುದಿಲ್ಲ. ಅವಳ ಹತ್ತಿರ ಹೋಗಿ ನೇರ ಕೇಳಿದೆ: ಅಂದು ನನಗಿಂತ ಮೊದಲು ಬಂದವಳು ಯಾರು? ಅವಳು ಬೊಗಸೆ ಹಿಡಿ ಎಂದಳು. ಕೊಡದಿಂದ ನೀರು ಹೊಯ್ದಳು. ನನ್ನ ಮೊಂಡ ಬೆರಳಿನ ಸಂದಿಯಿಂದ ನೀರು ಯಾವಾಗಲೂ ಸೋರುತ್ತದೆ, ಅವಳ ಕಾಲ ಮೇಲೆ ಸೋರಿತು.

“ಹೀಂಗಽ ಸೋರಿತ್ತು ಅಕಿದೂ,” ಎಂದಳು. “ನೀನಽ ಅಲ್ಲೇನು? ನನ್ನ ಕಣ್ಣ ಹೋಗ್ಯಾವ, ಕಾಲ ಹೋಗಿಲ್ಲಲ್ಲ.”

ಹೊಳೆಯಲ್ಲಿ ನಮಗೆ ಯಾವ ಗಂಡಾಂತರವೂ ಕಾದಿರಲಿಲ್ಲ. ಮರುದಿನ ಎಲ್ಲರೂ ಸುಖವಾಗಿ ದಾಟಿ ಬಬಲೇಶ್ವರ, ಕಾಖಂಡಕಿ ಮುಗಿಸಿ ಮನೆಗೆ ಬಂದೆವು. ಎಡದಾರಿ ಹಿಡಿದಿದ್ದರೆ ಸತ್ತೇ ಹೋಗುತ್ತಿದ್ದೆವು ಎಂದು ಹೇಳಿದರೆ ಕಥೆ ಚೆನ್ನಾಗುತ್ತದೆ, ಆದರೆ ಹಾಗೇನೂ ಇರಲಿಲ್ಲ. ಯಾರೋ ನಮಗೆ ನೀರು ತೋರಿಸಿದರು, ಅಷ್ಟೆ. ನಮ್ಮವರು ಆಮೇಲೆ ಬಹಳ ಜನಕ್ಕೆ ಹಾಗೆ ದಾರಿ ತೋರಿಸಿದರು. ಕಾಲು ಸುಧಾರಿಸಿತು, ಕಿಕ್ ತಾವೇ ಹೊಡೆದರು. ಹೊರಸನ್ನು ನಾನು ನಿಜವಾಗಿ ಒಲೆಗೆ ಹಾಕಿದೆ.

ಈಗ ಅವರಿಲ್ಲ. ಹೋದ ಚಳಿಗಾಲದಲ್ಲಿ ಮೈಬೂಬನ ಮಗ ಆ ಕಡೆ ದ್ರಾಕ್ಷಿ ತೋಟ ನೋಡಲು ಹೊರಟಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡ. ದಾರಿಯ ಕಲ್ಲುಗಳು ಹೋಗಿದ್ದವು, ಅಲ್ಲೆಲ್ಲ ರಸ್ತೆಯಾಗಿದೆ. ಬೇವಿನ ಮರದ ಕಲ್ಲು ಮಾತ್ರ ಉಳಿದಿತ್ತು, ಸುತ್ತ ಸಣ್ಣ ಗುಡಿ ಕಟ್ಟಿದ್ದರು. ಮೂರು ಗೆರೆ ಹೊಸದಾಗಿ ಬಳಿದಿದ್ದರು, ನಡುವಿನದು ಗಿಡ್ಡ. ಹಾಗೇಕೆ ಎಂದು ಪೂಜಾರಿಯನ್ನು ಕೇಳಿದೆ. ಮೂರೂ ಗೆರೆ ಸರಿ ಎಳೆದು ಆಮೇಲೆ ನಡುವಿನ ತುದಿ ಒರೆಸುತ್ತಾರಂತೆ. ಮೊದಲಿಂದ ಹಂಗಽ ಐತ್ರಿ ಎಂದ.

ಉಳಿದ ಕಲ್ಲುಗಳಿಗೆ ನಾನು ಅಂದು ಆ ಕುರುಬನ ಕಣ್ಣಿಗೆ ಕಾಣಲೆಂದು ಕೈ ಮುಗಿದಿದ್ದೆ, ಅವು ನನ್ನದೇ ಕೆಲಸ. ಇದಕ್ಕೆ ನಿಜವಾಗಿ ಮುಗಿದೆ. ಪೂಜಾರಿ ಬಾವಿಯ ನೀರನ್ನೇ ತೀರ್ಥವೆಂದು ಕೊಟ್ಟ. ಅಂಗೈ ಒಡ್ಡಿದೆ. ಮೊಂಡ ಬೆರಳಿನ ಸಂದಿಯಿಂದ ಸೋರಿದ್ದು ನೋಡಿದ, ಕಲ್ಲಿನ ಕಡೆ ನೋಡಿದ, ಮತ್ತೆ ನನ್ನ ಕೈ ನೋಡಿದ.

“ಯವ್ವಾ, ನೀವು ಮೊದಲ ಇಲ್ಲಿ ಬಂದಿದ್ರೇನ್ರಿ?” ಎಂದ.

ಎರಡು ಸಲ ಬಂದದ್ದು ನನಗೆ ನೆನಪಿದೆ. ಅದಕ್ಕೂ ಮೊದಲಿನದನ್ನು ಯಾರಾಣೆ ಹೇಳಲಿ? ಅಂಗೈಯಲ್ಲಿ ಉಳಿದಷ್ಟನ್ನು ಕುಡಿದೆ. ನೀರು ಇನ್ನೂ ಸಿಹಿ ಇತ್ತು.