ಹಪ್ಪಳದ ಪಕ್ಕ ಒಣಗಿದ ಸೆಲ್ಲು

ನನ್ನ ಸೋದರಮಾವನ ಸ್ಕ್ಯಾನರ್ ಕಪ್ಪು ಬಣ್ಣದ್ದೆಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅತ್ತೆ ಬೂದು ಎನ್ನುತ್ತಾರೆ. ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ಅಳೆದು ನೋಡಿ ನಂಬಬೇಕೆಂದು ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುವಾಗ ನನಗೆ ಕಲಿಸಿದ್ದರು. ಈಗ ಅಳೆಯೋಣವೆಂದರೆ ಸ್ಕ್ಯಾನರೇ ಇಲ್ಲ. ಆದ್ದರಿಂದ ಬಣ್ಣದ ವಿಷಯ ಬಿಟ್ಟು, ನನಗೂ ಅತ್ತೆಗೂ ತಕರಾರಿಲ್ಲದ ಸಂಗತಿಗಳಿಂದ ಶುರು ಮಾಡುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಶನಿವಾರ ತರಗತಿ ಮುಗಿದ ಮೇಲೆ ಬಾಡಿಗೆ ರೂಮಿನಲ್ಲಿ ಒಂದು ಗಳಿಗೆ ಕೂರಲಾಗದೆ ಶ್ರೀನಿವಾಸಪುರದ ಬಸ್ಸು ಹತ್ತಿಬಿಡುತ್ತಿದ್ದೆ. ಅಲ್ಲಿಂದ ಗೌನಿಪಲ್ಲಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಮಾವನ ಮಾವಿನ ತೋಪು, ತೋಪಿನ ಅಂಚಿಗೆ ಮಾಳಿಗೆ ಮನೆ. ಮಾವನ ಹತ್ತಿರ ವರ್ಷವರ್ಷವೂ ತೋತಾಪುರಿ ಕೊಳ್ಳುತ್ತಿದ್ದ ಮದ್ರಾಸಿನ ವ್ಯಾಪಾರಿಯೊಬ್ಬರು ಒಮ್ಮೆ ಪ್ರೀತಿಯಿಂದ ಆ ಸ್ಕ್ಯಾನರನ್ನು ತಂದುಕೊಟ್ಟಿದ್ದರು. ಬಂದರಿನ ಹತ್ತಿರದ ಬಜಾರಿನಲ್ಲಿ ಸಿಕ್ಕಿದ್ದಂತೆ. ನೋಡಲು ಕೈಯಲ್ಲಿ ಹಿಡಿಯುವ ರೇಡಿಯೋ. ಆದರೆ ಹಾಡು, ವಾರ್ತೆ ಯಾವುದೂ ಬರುವುದಿಲ್ಲ. ಅದರ ತಲೆಯ ಮೇಲಿನ ಕೆಂಪು ದೀಪಗಳು ಸಾಲಾಗಿ ಓಡುತ್ತಿರುತ್ತವೆ. ಎಲ್ಲಾದರೂ ಯಾರಾದರೂ ಮಾತಾಡಿದರೆ ಓಟ ನಿಂತು ಆ ಮಾತು ಕೇಳಿಸುತ್ತದೆ. ನಮ್ಮ ತೋಪಿನ ಮೇಲೆ ಮಾತಾಡುವವರೆಂದರೆ ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ವಿಮಾನದವರು ಮಾತ್ರ. ಇಂಥ ಯಂತ್ರಕ್ಕೆ ಲೈಸೆನ್ಸು ಬೇಕೋ ಏನೋ, ನಾವಂತೂ ಯಾರನ್ನೂ ಕೇಳಲಿಲ್ಲ.

ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರಿಂದ ಅವರ ಸಂತೋಷಕ್ಕೇನೂ ಕಡಿಮೆಯಾಗಲಿಲ್ಲ. ಸಂಜೆ ಮಾಳಿಗೆಯ ಮೇಲೆ ನಿಂತು, ವಿಮಾನ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದರ ಮಾತು ಕೇಳಿಸಿಕೊಂಡು, “ಈಗ ಮಾಲೂರ್ ಮೇಲೆ ಐತೆ ನೋಡ್ಲಾ” ಎಂದು ಪಡುವಣಕ್ಕೆ ಬೆರಳು ತೋರಿಸುತ್ತಿದ್ದರು. ಆಮೇಲೆ ಗುಂಯ್ಗುಡುವ ಸದ್ದು ನಿಜವಾಗಿಯೂ ಆ ಕಡೆಯಿಂದಲೇ ಬರುತ್ತಿತ್ತು. ತಾವೇ ಕರೆಸಿದ ವಿಮಾನವೇನೋ ಎಂಬಂತೆ ಅವರು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಳ್ಳುತ್ತಿದ್ದರು.

ತೊಂದರೆ ಶುರುವಾದದ್ದು ಮಾವನ ಮಗಳ ಮದುವೆಯಾದ ಮೇಲೆ. ಬೀಗರು ಮುಳಬಾಗಿಲು ತಾಲ್ಲೂಕಿನವರು, ಆವನಿ ಕಡೆಯ ಒಕ್ಕಲುತನದ ಮನೆ, ಮನೆಯೊಳಗೆ ತೆಲುಗು. ಮದುವೆಯ ಮಾರನೆಯ ದಿನ ಊಟಕ್ಕೆ ಕೂತಾಗ ಮಾವ ಸಡಗರದಲ್ಲಿ ತಮ್ಮ ಯಂತ್ರದ ವಿಷಯ ತೆಗೆದು, ವಿಮಾನ ಓಡಿಸುವವನ ಮಾತು ತಮ್ಮ ಮನೆಯಲ್ಲಿ ಕೇಳಿಸುತ್ತದೆ ಎಂದುಬಿಟ್ಟರು. ಅಳಿಯನ ಅಜ್ಜಿ ಪಂಕ್ತಿಯ ಆ ತುದಿಯಿಂದಲೇ ಕೂಗಿದರು: “ಅಬ್ಬಬ್ಬಾ, ಎಂಥಾ ಬೀಗರು ಸಿಕ್ಕಿದ್ರಪ್ಪಾ ನಮ್ಗೆ! ನಾಳೆ ಚಂದಮಾಮನ್ ಜೊತೆ ಮಾತಾಡಿಸ್ತೀನಿ ಅಂತಾರೆ. ಇನ್ನೊಂದಷ್ಟು ಅನ್ನ ಬಡಿಸ್ರಮ್ಮಾ, ಹೊಟ್ಟೆ ತುಂಬ್ದೆ ಏನೇನೋ ಮಾತಾಡ್ತಾವ್ರೆ.”

ಪಂಕ್ತಿಯಿಡೀ ನಕ್ಕಿತು. ಮಾವನೂ ನಕ್ಕರು. ಆದರೆ ಆ ನಗು ಅಲ್ಲಿಗೇ ನಿಲ್ಲಲಿಲ್ಲ. ಗಂಡನ ಮನೆಯಲ್ಲಿ ಮಗಳು ಏನು ಹೇಳಿದರೂ, ಹಿಪ್ಪುನೇರಳೆ ಸೊಪ್ಪು ಬಾಡಿದೆ ಎಂದರೂ ಸರಿ, “ನಿಮ್ಮಪ್ಪನ ವಿಮಾನದೋನು ಹೇಳಿದ್ನಾ?” ಎಂದು ಅಜ್ಜಿ ಕೇಳತೊಡಗಿದರು. ಗೌರಿ ಹಬ್ಬಕ್ಕೆ ಬಂದ ಮಗಳು ಅಪ್ಪನ ಮುಂದೆ ಕೂತು, “ಅಪ್ಪಾ, ಒಂದೇ ಒಂದ್ಸಲ ಆ ಮನೆ ಅವ್ವಂಗೆ ಕೇಳಿಸ್ಬಿಡಪ್ಪಾ, ನಿನ್ ಕಾಲಿಗ್ ಬೀಳ್ತೀನಿ” ಎಂದಳು. ಮುಂದಿನ ಮಾವಿನ ಸುಗ್ಗಿಗೆ ಬೀಗರನ್ನೆಲ್ಲ ಕರೆಯುವುದೆಂದು ಆಗಲೇ ತೀರ್ಮಾನವಾಯಿತು.

ಸುಗ್ಗಿ ಬರುವ ಹೊತ್ತಿಗೆ ಸ್ಕ್ಯಾನರಿನ ಉಸಿರು ನಿಲ್ಲತೊಡಗಿತ್ತು. ಅಂಗಡಿಯ ಸೆಲ್ಲು ಅದಕ್ಕೆ ಹಿಡಿಸುತ್ತಿರಲಿಲ್ಲ. ಕೆಲವು ಸೆಲ್ಲುಗಳನ್ನು ಒಟ್ಟಿಗೆ ಬೆಸೆದು ಮೇಲೊಂದು ಪ್ಲಾಸ್ಟಿಕ್ ಸುತ್ತಿದ ಕಟ್ಟು ಅದರೊಳಗಿತ್ತು; ಕರೆಂಟಿಗೆ ಹಾಕಿ ಚಾರ್ಜು ಮಾಡಿದರೆ ಮತ್ತೆ ಜೀವ ಬರುವಂಥದ್ದು. ಮೊದಲು ಇಡೀ ಸಂಜೆ ಬಾಳುತ್ತಿದ್ದ ಕಟ್ಟು ಈಗ ವಿಮಾನ ಬರುವುದಕ್ಕೆ ಮೊದಲೇ ಕಣ್ಣು ಮುಚ್ಚುತ್ತಿತ್ತು.

ಮನೆಯವರೆಲ್ಲ ಅದಕ್ಕೆ ಉಪಚಾರ ಮಾಡಲು ನಿಂತೆವು. ನಾನು ಓದಿದವನು, ಹೆಚ್ಚು ಹೊತ್ತು ಚಾರ್ಜು ಮಾಡಿದರೆ ಹೆಚ್ಚು ತುಂಬುತ್ತದೆ ಎಂದು ಹೇಳಿ, ಕರೆಂಟು ಇದ್ದಷ್ಟು ಹೊತ್ತೂ ಅದನ್ನು ಗೋಡೆಗೆ ಸಿಕ್ಕಿಸಿಟ್ಟೆ. ಮುಟ್ಟಿದರೆ ಮಗುವಿಗೆ ಜ್ವರ ಬಂದಷ್ಟು ಬಿಸಿ. ಬಿಸಿಯಾದರೆ ಶಕ್ತಿ ಒಳಗೆ ಹೋಗಿದೆ ಎಂದು ಮಾವನಿಗೆ ಸಮಾಧಾನ. ಇಷ್ಟಾದರೂ ಅದು ಬಾಳದೆ ಹೋದಾಗ ನನಗೆ ಅನುಮಾನ ಬಂದು, ಒಂದು ಭಾನುವಾರ ಕಟ್ಟನ್ನು ಹುಡುಕಿದರೆ ಚಾರ್ಜರಿನಲ್ಲೂ ಇಲ್ಲ, ಸ್ಕ್ಯಾನರಿನಲ್ಲೂ ಇಲ್ಲ.

“ಅತ್ತೆ, ಸೆಲ್ಲಿನ ಕಟ್ಟು ನೋಡಿದ್ರಾ?”

“ಮಾಳಿಗೆ ಮೇಲೈತೆ ಕಣೋ. ಬಿಸ್ಲಿಗಿಟ್ಟಿದೀನಿ.”

ಓಡಿಹೋಗಿ ನೋಡಿದೆ. ಹಳೆಯ ಸೀರೆಯ ಮೇಲೆ ಸಾಲುಸಾಲಾಗಿ ಹಪ್ಪಳ, ಅದರ ಪಕ್ಕ ಉಪ್ಪು ಹಚ್ಚಿದ ಮಾವಿನ ಹೋಳು, ಇವೆರಡರ ನಡುವೆ ಸೆಲ್ಲಿನ ಕಟ್ಟು. ಕಾಗೆಗೆ ಹೆದರಿ ಅದರ ಮೇಲೆ ಒಂದು ತೆಳು ಬಟ್ಟೆಯನ್ನೂ ಹೊದಿಸಿದ್ದರು. ಟಾರ್ಚಿನ ಸೆಲ್ಲು ಸೋತರೆ ಬಿಸಿಲಿಗಿಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಒಂದಿಷ್ಟು ಕಾದರೆ ತೋಟಕ್ಕೆ ಹೋಗಿಬರುವಷ್ಟು ಬೆಳಕು ಅದರಿಂದ ಹೊರಡುತ್ತಿತ್ತು. ನಾನು ಚಿಕ್ಕವನಾಗಿದ್ದಾಗ ಸ್ವತಃ ಮಾಡಿದ್ದೇನೆ. ಚಾರ್ಜು ಮಾಡುವ ಸೆಲ್ಲಿಗೆ ಮಾತ್ರ ಈ ಉಪಚಾರ ವಿಷ. ಅದರ ಮೇಲೆ ಮಾವ ಮಾಳಿಗೆಯಿಂದ ಇಳಿಸಿದ ಕಟ್ಟನ್ನು ಕಾದಿದ್ದಂತೆಯೇ ಚಾರ್ಜರಿಗೆ ಹಾಕುತ್ತಿದ್ದರಂತೆ.

“ಅತ್ತೆ, ಇದು ಬಿಸ್ಲಿಗೆ ಸತ್ತೋಗ್ತದೆ!”

“ಸತ್ತೋಗಿದ್ದಕ್ಕೆ ತಾನೆ ಬಿಸ್ಲಿಗಿಟ್ಟಿದ್ದು? ನೀನು ಎರಡ್ ದಿನ ಕರೆಂಟಲ್ಲಿ ಬೇಯಿಸ್ದಲ್ಲ, ಆಗ ಬದುಕಿತ್ತಾ?”

ಅಂದಿನಿಂದ ನಾನು ಉಪಚಾರ ಬಿಟ್ಟು ಪರೀಕ್ಷೆ ಶುರು ಮಾಡಿದೆ. ಕಟ್ಟನ್ನು ಪೂರ್ತಿ ತಣಿಸಿ ಚಾರ್ಜು ಮಾಡಿದರೆ ಹೆಚ್ಚು ಬಾಳಿತು. ತುಂಬಿದ ಕೂಡಲೇ ತೆಗೆದರೆ ಇನ್ನೂ ಸ್ವಲ್ಪ. ಅರ್ಧ ಬಳಸಿ ಮತ್ತೆ ಮತ್ತೆ ತುಂಬುವ ಬದಲು ಪೂರ್ತಿ ಬಳಸಿ ತುಂಬಿದರೂ ಅನುಕೂಲ ಕಂಡಿತು, ಅಥವಾ ಹಾಗೆಂದು ನನಗೆ ಅನಿಸಿತು. ಶೆಖೆಯಲ್ಲಿ ಕಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಕುಡಿಯುವ ನೀರಿನ ಮಡಕೆಗೆ ಒತ್ತಿ ಇಡುತ್ತಿದ್ದೆವು. ಆ ಉಪಾಯ ನನ್ನದೆಂದು ನನ್ನ ನೆನಪು. ಅತ್ತೆ ಇದನ್ನು ಕೇಳಿದರೆ, “ನೀನು ಮಡಕೆ ಹತ್ರ ಬರ್ತಿದ್ದಿದ್ದು ನೀರ್ ಕುಡಿಯೋಕಷ್ಟೇ” ಎನ್ನುತ್ತಾರೆ.

ಇನ್ನೊಂದು ಕಳ್ಳದಾರಿ ಸ್ಕ್ಯಾನರಿನಲ್ಲೇ ಇತ್ತು. ಯಾರೂ ಮಾತಾಡದಿರುವಾಗ ಅದು ಸೊರ್ ಎಂದು ಬಾಣಲೆಯ ಎಣ್ಣೆಯಂತೆ ಸದ್ದು ಮಾಡುತ್ತಿತ್ತು. ಆ ಸದ್ದಿಗೂ ಸೆಲ್ಲು ಖರ್ಚಾಗುತ್ತದೆ. ಪಕ್ಕದ ಒಂದು ತಿರುಪು ತಿರುಗಿಸಿದರೆ ಸೊರ್ ನಿಂತು, ಮಾತು ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ನಾನು ತಿರುಗಿಸುತ್ತಿದ್ದೆ, ಮಾವ ಮತ್ತೆ ಬಿಚ್ಚುತ್ತಿದ್ದರು. “ಸದ್ದಿಲ್ಲ ಅಂದ್ರೆ ಜೀವ ಇಲ್ಲ ಅಂತ ಲೆಕ್ಕ ಕಣ್ಲಾ! ಸೊರ್ ಅಂತಿದ್ರೆ ಮನ್ಸಿಗೊಂದು ಧೈರ್ಯ” ಎಂಬುದು ಅವರ ವಾದ. ಒಂದು ಸಲ ನಾನು ಸದ್ದು ನಿಲ್ಲಿಸಿಟ್ಟು ಕೆಳಗೆ ಹೋಗಿದ್ದಾಗ ಸತ್ತಿತೆಂದೇ ಬಗೆದು, ಅದನ್ನು ತೆಂಗಿನಕಾಯಿ ಅಲ್ಲಾಡಿಸುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಕೊನೆಗೆ, ಕಿವಿಗೆ ಸಿಕ್ಕಿಸುವ ಇಯರ್‌ಫೋನಿನಲ್ಲಿ ಕೇಳಿದರೆ ಸೆಲ್ಲು ಇನ್ನಷ್ಟು ಉಳಿಯುತ್ತದೆಂದು ಪತ್ತೆಯಾಯಿತು. ಅದರ ತೊಡಕು ಒಂದೇ: ಕೇಳುವುದು ಒಬ್ಬರಿಗೆ ಮಾತ್ರ.

ಬೀಗರು ಬಂದದ್ದು ಒಂದು ಭಾನುವಾರ. ಆ ವಾರ ಶ್ರೀನಿವಾಸಪುರದಲ್ಲಿ ಕರೆಂಟು ಬಂದುಹೋಗುವ ನೆಂಟನಾಗಿತ್ತು. ಆದ್ದರಿಂದ ಕಟ್ಟನ್ನು ಕೋಲಾರದ ನನ್ನ ರೂಮಿಗೆ ಒಯ್ದು ತುಂಬಿಸಿ, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಸೀಟು ಹುಡುಕಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಮಧ್ಯಾಹ್ನ ಮುದ್ದೆ, ನಾಟಿ ಕೋಳಿ ಸಾರು, ಮೇಲೆ ರಸಪುರಿ ಹಣ್ಣು. ಅಜ್ಜಿ ಹಣ್ಣಿನ ಓಟೆ ಚೀಪುತ್ತ, “ಏಮಯ್ಯಾ ಬೀಗರೇ, ವಿಮಾನದೋನಿಗೂ ಊಟಕ್ಕೆ ಹೇಳಿದ್ದೀರಾ?” ಎಂದರು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಾವ ಊಟದಲ್ಲಿ ಮುದ್ದೆ ಬೇಡವೆಂದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಸಂಜೆ ಎಲ್ಲರೂ ಮಾಳಿಗೆ ಹತ್ತಿದೆವು. ಮಾವ ಆಗಿನಿಂದಲೇ ಹಚ್ಚೋಣ ಎಂದು ಪೀಡಿಸುತ್ತಿದ್ದರು.

“ಒಂದ್ ಸಲ ಸೊರ್ ಅನ್ನಿಸ್ಲಾ. ನೋಡ್ತಾವ್ರೆ ಎಲ್ಲಾ.”

“ಬೇಡ ಮಾವ. ವಿಮಾನ ಹತ್ರ ಬರ್ಲಿ.”

“ಹತ್ರ ಬಂದಿದ್ದು ಗೊತ್ತಾಗೋದೇ ಇದ್ರಾಗಲ್ವೇನ್ಲಾ, ಮೇಷ್ಟ್ರೇ!”

ಅವರ ಮಾತಿನಲ್ಲಿ ನ್ಯಾಯವಿತ್ತು. ಸ್ವಲ್ಪ ಹೊತ್ತು ತಡೆದು ಗುಂಡಿ ಒತ್ತಿದೆ. ಕೆಂಪು ದೀಪಗಳು ಓಡತೊಡಗಿದವು. ಸದ್ದಿಲ್ಲ. ಅಳಿಯ ಗಡಿಯಾರ ನೋಡಿಕೊಂಡ. ಅಜ್ಜಿ ಮಾತ್ರ ಆಗ ಏನೂ ಹಂಗಿಸದೆ, ಸೆರಗು ಹೊದ್ದು ಕೂತಿದ್ದರು. ದೀಪದ ಓಟ ಒಂದು ಕಡೆ ನಿಂತಿತು. ಇಯರ್‌ಫೋನು ಮಾವನ ಕೈಯಲ್ಲಿತ್ತು. ಅದನ್ನು ತಮ್ಮ ಕಿವಿಯ ತನಕ ಒಯ್ದವರು ಏನನ್ನಿಸಿತೋ, ಹಾಗೇ ಬಗ್ಗಿ ಅಜ್ಜಿಯ ಕಿವಿಗೆ ಹಿಡಿದರು. “ಅವ್ವಾ, ನೀವೇ ಕೇಳಿ.”

ಅಜ್ಜಿ ಓಲೆಯನ್ನು ಸರಿಸಿ ಕಣ್ಣು ಮುಚ್ಚಿದರು.

“ಏನಂತಾನೆ ಅವ್ವಾ?” ಎಂದಳು ಮಗಳು.

“ಸುಮ್ಕಿರ್ರಾ!” ಅಜ್ಜಿ ಕೈಯೆತ್ತಿದರು. ಆಮೇಲೆ ನಿಧಾನವಾಗಿ ಅವರ ಮುಖ ಮೆತ್ತಗಾಯಿತು. “ದಗ್ತಾ ಉಂಡಾಡ್ರಾ, ಪಾಪಂ” ಎಂದರು. ಕೆಮ್ಮುತ್ತಿದ್ದಾನೆ, ಪಾಪ.

“ಯಾರು ಅವ್ವಾ?”

“ಇನ್ಯಾರು? ವಿಮಾನದೋನು. ಇಂಗ್ಲೀಷು ಮಾತಾಡ್ತಾ ಮಾತಾಡ್ತಾ ಕೆಮ್ಮಿಬಿಟ್ಟ. ಒಣ ಕೆಮ್ಮು.”

ಅಷ್ಟರಲ್ಲಿ ತೋಪಿನ ಮೇಲೆ ಸದ್ದು ಕೇಳಿಸಿ ಎಲ್ಲರ ತಲೆ ಮೇಲಾಯಿತು. ವಿಮಾನ ಬಿಸಿಲಲ್ಲಿ ಮಿಂಚುತ್ತ ಹೋಯಿತು. ಅಳಿಯ ಇಯರ್‌ಫೋನಿಗೆ ಕೈಹಾಕುವ ಹೊತ್ತಿಗೆ ದೀಪಗಳು ಆರಿದ್ದವು. ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಆ ಮನೆಯಲ್ಲಿ ಅಜ್ಜಿ ಕೇಳಿದೆನೆಂದರೆ ಮುಗಿಯಿತು. ಮಗಳು ಕೆಳಗಿಳಿದು ಹೋಗಿ ಎಲ್ಲರಿಗೂ ಕಾಫಿ ತಂದಳು. ನನಗೆ ಕೊಟ್ಟದ್ದರಲ್ಲಿ ಸಕ್ಕರೆ ವಿಪರೀತ. ಮಾವ ಉಳಿದ ಕೋಳಿ ಸಾರಿನಲ್ಲಿ ಆಗಲೇ ಮುದ್ದೆ ಉಂಡರು.

ಅಜ್ಜಿ ಇಯರ್‌ಫೋನು ಹಿಡಿಯುವುದಕ್ಕೆ ಮೊದಲೇ ದೀಪ ಆರಿತ್ತೆಂದು ಅತ್ತೆ ಈಗಲೂ ಹೇಳುತ್ತಾರೆ. ಮೊಮ್ಮಗನ ಹೆಂಡತಿಯ ಮುಖ ನೋಡಿ ಮುದುಕಿ ಕರಗಿತು, ಅಷ್ಟೇ ಎನ್ನುತ್ತಾರೆ. ಯಂತ್ರ ನನ್ನ ಕೈಯಲ್ಲಿತ್ತು. ದೀಪ ಉರಿಯುತ್ತಿತ್ತೆಂದು ನನ್ನ ನೆನಪು. ಆದರೆ ಬಣ್ಣವನ್ನೇ ನೆಟ್ಟಗೆ ಹೇಳಲಾಗದವನ ದೀಪವನ್ನು ಯಾರು ನಂಬುತ್ತಾರೆ? ನಾನು ನೆಚ್ಚಿಕೊಂಡಿರುವುದು ಕೆಮ್ಮನ್ನು. ಸುಳ್ಳು ಹೇಳುವವರು ವಿಮಾನದವನಿಂದ ನಮಸ್ಕಾರ ಹೇಳಿಸುತ್ತಾರೆ, ಮದ್ರಾಸಿನ ಹೆಸರು ಹೇಳಿಸುತ್ತಾರೆ, ಕೆಮ್ಮಿಸುವುದಿಲ್ಲ.

ಮಳೆಗಾಲದಲ್ಲಿ ಅಜ್ಜಿ ಮತ್ತೆ ಬಂದರು. ಸೊಂಟದ ಸಂಚಿಯಿಂದ ಕಾಗದದ ಪೊಟ್ಟಣ ತೆಗೆದು ಮಾವನ ಕೈಗಿಟ್ಟರು. ಒಣಶುಂಠಿ, ಮೆಣಸು ಕುಟ್ಟಿದ ಪುಡಿ.

“ಅವನಿಗ್ ಹೇಳಯ್ಯಾ, ಜೇನುತುಪ್ಪದಾಗೆ ಕಲಸ್ಕೊಂಡು ನೆಕ್ಲಿ. ತಣ್ಣೀರ್ ಕುಡೀಬಾರ್ದು ಅನ್ನು.”

“ಅವ್ವಾ, ಅದ್ರಲ್ಲಿ ನಾವು ಕೇಳ್ಬೋದಷ್ಟೇ, ಮಾತಾಡೋಕೆ…” ಎಂದು ನಾನು ಶುರು ಮಾಡಿದೆ. ಮಾವನ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಸ್ಕ್ಯಾನರನ್ನು ಗೂಡಿನಿಂದ ತೆಗೆದುಕೊಂಡು, “ಸೆಲ್ಲು ಐತೇನ್ಲಾ?” ಎಂದು ಪಿಸುಗುಟ್ಟಿದರು. ಇಲ್ಲವೆಂದು ತಲೆಯಾಡಿಸಿದೆ. ಕಟ್ಟು ಆ ಹೊತ್ತಿಗೆ ಪೂರ್ತಿ ಸತ್ತು, ಮಡಕೆಯ ಪಕ್ಕದ ಡಬ್ಬಿಯಲ್ಲಿ ತಣ್ಣಗೆ ಮಲಗಿತ್ತು.

ಮಾವ ಹಿಂಜರಿಯಲಿಲ್ಲ. ಖಾಲಿ ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು, ಪಡುವಣಕ್ಕೆ ತಿರುಗಿ, ತೋಪಿನ ಆ ತುದಿಗೂ ಕೇಳುವ ದನಿಯಲ್ಲಿ ಕೂಗಿದರು: “ಸ್ವಾಮೀ, ಜೇನುತುಪ್ಪದಾಗೆ ಕಲಸ್ಕೊಂಡು ನೆಕ್ಕಬೇಕಂತೆ! ತಣ್ಣೀರು ಬ್ಯಾಡ್ವಂತೆ!”

“ಏನಂದ?” ಎಂದರು ಅಜ್ಜಿ.

ಮಾವ ಯಂತ್ರವನ್ನು ಕಿವಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೇಳಿದರು.

“ಈಗ ವಾಸಿ ಅಂತೆ ಅವ್ವಾ,” ಎಂದರು.