ಇಪ್ಪತ್ತೈದೂವರೆ ಇಂಚಿನ ಬಾಗಿಲು

ಟೈಲರ್ ಮಾಸ್ಟರಿಗೆ ಆ ಬೀದಿಯಲ್ಲಿ ಇನ್ನೊಂದು ಹೆಸರಿತ್ತು, ಅರ್ಧ ಇಂಚು. ಯಾರ ಅಳತೆ ತೆಗೆದುಕೊಂಡರೂ ಪುಸ್ತಕ ಮುಚ್ಚುವ ಮೊದಲು "ಅರ್ಧ ಇಂಚು ಲೂಸ್ ಬಿಟ್ಟಿರ್ತೀನಿ" ಎಂದೇ ಅನ್ನುತ್ತಿದ್ದರು. ಮೂವತ್ನಾಲ್ಕು ವರ್ಷಗಳಲ್ಲಿ ಆ ಅರ್ಧ ಇಂಚು ಒಮ್ಮೆಯೂ ಅವರ ಮಾನ ಕಳೆದಿರಲಿಲ್ಲ.

ಅದೇ ಅಂಗಡಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕಾಜಾ ಹೊಲೆದು, ಗುಂಡಿ ಹಾಕಿ, ಅಂಚು ಮಡಿಸುತ್ತಿದ್ದವರು ಅವರ ಹೆಂಡತಿ. ಮೂವತ್ತು ವರ್ಷ ಮಡಚಿದ್ದ ಎಡಮಂಡಿ ಈ ವರ್ಷ ಮಡಚುವುದಕ್ಕೂ ಬಿಡಿಸುವುದಕ್ಕೂ ಒಪ್ಪದೆ ಹಟ ಹಿಡಿಯಿತು. ಮಂಡಿ ಬದಲಿಸಲೇಬೇಕೆಂದು ಡಾಕ್ಟರು ಎರಡು ತಿಂಗಳು ಮುಂಚೆಯೇ ತಾರೀಖು ಕೊಟ್ಟರು.

ಆಕೆಗೆ ಆಪರೇಷನ್ನಿನ ಭಯವಿರಲಿಲ್ಲ. ಭಯವಿದ್ದದ್ದು ಮನೆಯ ಬಾತ್ರೂಮಿನದು. ಒಳಗೆ ಕಾಲಿಡಲು ಒಂದು ಗೇಣೆತ್ತರದ ಮೆಟ್ಟಿಲು, ಜಾರುವ ನೆಲ, ಕುಕ್ಕರಗಾಲಲ್ಲಿ ಕೂರಬೇಕಾದ ಹಳೆಯ ಪಾಯಿಖಾನೆ.

"ರೀ, ನಂಗೆ ಬೇರೇನೂ ಬೇಡ. ವಾಪಸ್ ಬಂದ್ಮೇಲೆ ಬಾತ್ರೂಮಿಗೆ ನಾನೊಬ್ಳೇ ಹೋಗಿ ಬರೋ ಹಾಗಿರ್ಬೇಕು. ಯಾರೂ ರಟ್ಟೆ ಹಿಡಿದು ಕೂರಿಸೋದು, ಎಬ್ಬಿಸೋದು ಬೇಡ. ನೀವೂ ಬೇಡ."

"ಆಯ್ತು ಬಿಡೆ. ಅಡುಗೆಮನೆ ಕಟ್ಟೆನೂ ನಿನ್ನ ಎತ್ತರಕ್ಕೆ ಮಾಡಿಸ್ತೀನಿ. ಬಗ್ಗೋ ಕೆಲಸವೇ ಇರಲ್ಲ."

ಹೀಗೆ ಬಾತ್ರೂಮಿನ ಕೆಲಸಕ್ಕೆ ಅಡುಗೆಮನೆಯೂ ಗಂಟುಬಿತ್ತು. ಎರಡಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಮಾಸ್ಟರು ಅಂಗಡಿಯ ಅಳತೆ ಪುಸ್ತಕದಲ್ಲೇ ಹೊಸ ಪುಟ ತೆಗೆದು, ಗಿರಾಕಿಯ ಹೆಸರಿರಬೇಕಾದ ಕಡೆ 'ಅಡುಗೆಮನೆ' ಎಂದು ಬರೆದರು. ಕೊರಳಲ್ಲಿದ್ದ ಟೇಪು ತೆಗೆದು ಗೋಡೆ, ಕಿಟಕಿ, ನಲ್ಲಿಯ ಎತ್ತರ ಎಲ್ಲವನ್ನೂ ಕಾಲಿಂಚಿನ ಲೆಕ್ಕದಲ್ಲಿ ಗುರುತು ಹಾಕಿಕೊಂಡರು. ಔಷಧಿ ಅಂಗಡಿಯಿಂದ ಹೆಂಡತಿಗೆಂದು ನಾಲ್ಕು ಕಾಲಿನ ವಾಕರ್ ಮೊದಲೇ ತಂದು ಅದನ್ನೂ ಅಳೆದರು. ಅತಿ ಅಗಲವಾದ ಕಡೆ ಇಪ್ಪತ್ತೈದು ಇಂಚು. ಪಕ್ಕದಲ್ಲಿ ಬರೆದರು: 'ಬಾಗಿಲು ಇಪ್ಪತ್ತೈದೂವರೆ.'

ಗಾರೆ ಮೇಸ್ತ್ರಿ ಪುಸ್ತಕ ನೋಡಿ ಮೀಸೆಯಲ್ಲೇ ನಕ್ಕ. "ಮಾಸ್ಟ್ರೇ, ಗೋಡೆಗೆ ಶರ್ಟ್ ಹೊಲೀತೀರಾ? ನಂದು ಸ್ಟೀಲ್ ಟೇಪಿದೆ, ನಾನೇ ಅಳ್ಕೋತೀನಿ ಬಿಡಿ."

"ನಿನ್ನ ಟೇಪಿನ ಮೊದಲನೇ ಇಂಚು ತುಕ್ಕು ಹಿಡಿದು ಕಾಣ್ತಾನೇ ಇಲ್ಲ. ನಾನು ಕೊಟ್ಟ ಅಳತೆಗೆ ಕೆಲಸ ಮಾಡು ಸಾಕು."

"ಬಾಗಿಲಾದ್ರೂ ಮೂವತ್ತು ಇಂಚು ಇಡೋಣ."

"ಆ ನಾಲ್ಕೂವರೆ ಇಂಚಲ್ಲಿ ಅವಳ ಪಾತ್ರೆಗೆ ಒಂದು ಕಪಾಟು ಬರುತ್ತೆ. ಬಟ್ಟೆ ಉಳಿಸೋದು ನಂಗೆ ಕಲಿಸ್ಬೇಡ."

ಕೆಲಸ ಶುರುವಾಗುವ ದಿನ ಹೆಂಡತಿ ತಂಗಿಯ ಮನೆಗೆ ಹೋದರು. ಅದು ಮೂರನೇ ಮಹಡಿ, ಲಿಫ್ಟಿಲ್ಲ; ಮೆಟ್ಟಿಲಿಗೊಮ್ಮೆ ನಿಂತು ಹೇಗೋ ಹತ್ತಿದರು. ಆಪರೇಷನ್ ಆದಮೇಲೆ ಅಲ್ಲಿಗೆ ಹತ್ತಿ ಹೋಗುವ ಮಾತೇ ಇರಲಿಲ್ಲ, ನೇರ ಮನೆಗೇ ಬರಬೇಕು.

ಆಮೇಲಿನ ಐದು ವಾರ ಮಾಸ್ಟರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಆದರೆ ಕೆಲಸ ಮಾತ್ರ ಮುಂದೆ ಹೋಗಲಿಲ್ಲ. ಹೊಲಿಗೆಯಲ್ಲಿ ತಪ್ಪಾದರೆ ಬಿಚ್ಚಿ ಮತ್ತೆ ಹೊಲೆಯಬಹುದು. ಇಲ್ಲಿ ಬಿಚ್ಚಬೇಕಾದರೆ ಸುತ್ತಿಗೆಯೇ ಬೇಕು. ನಲ್ಲಿ ಯಾವುದೆಂದು ಗೊತ್ತು ಮಾಡದೆ ಗೋಡೆಯೊಳಗೆ ಪೈಪು ಹೂತದ್ದರಿಂದ ಕೊಂಡು ತಂದ ನಲ್ಲಿ ಗೋಡೆಗೆ ಮುತ್ತಿಕ್ಕಿಕೊಂಡು ನಿಂತಿತು. ಅಂಟಿಸಿದ ಟೈಲ್ಸ್ ಒಡೆದು ಪೈಪು ಮುಂದೆ ತಂದರು. ಒಡೆದ ಐದು ಟೈಲ್ಸಿಗೆ ಬದಲಿ ತರಲು ಹೋದರೆ ಅಂಗಡಿಯಲ್ಲಿ ಬಣ್ಣ ಅದೇ, ಛಾಯೆ ಬೇರೆಯದೇ. ಐದು ಹೆಚ್ಚು ತಂದಿಡಬೇಕೆಂದು ಯಾಕೆ ಮೊದಲೇ ಹೇಳಲಿಲ್ಲ ಎಂದರೆ, "ನೀವು ಕೇಳ್ಲೇ ಇಲ್ವಲ್ಲ ಮಾಸ್ಟ್ರೇ" ಎಂದ ಮೇಸ್ತ್ರಿ. ಅವನ 'ನಾಳೆ' ಎನ್ನುವುದು ಒಂದು ದಿನವಲ್ಲ, ಒಂದು ಅಭಿಪ್ರಾಯ ಎಂಬುದು ಮೂರನೇ ವಾರಕ್ಕೆ ಅರ್ಥವಾಯಿತು. ಪ್ರತಿ ಸಲ 'ನಾಳೆ ಹೊಲೆದು ಕೊಡ್ತೀನಿ' ಎಂದು ತಾವು ಕಳಿಸಿದ ಗಿರಾಕಿಗಳ ಮುಖಗಳೂ ನೆನಪಾದವು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮಾಸ್ಟರು ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಮನೆ ಎಂದು ಓಡಾಡಿದರು. ಹೆಂಡತಿಯ ಪ್ರಶ್ನೆ ದಿನವೂ ಒಂದೇ. "ಬಾತ್ರೂಮ್ ಎಲ್ಲಿಗೆ ಬಂತು?"

"ಮುಗೀತು ಅಂತಲೇ ಇಟ್ಕೊ."

"ಇಟ್ಕೊಳ್ಳೋದಲ್ಲ ರೀ. ಗುರುವಾರ ಕಳಿಸ್ತಾರಂತೆ."

ಬುಧವಾರ ಬೆಳಿಗ್ಗೆ ಅಡುಗೆ ಕಟ್ಟೆಯ ಕಲ್ಲು ಬಂತು. ಗೋಡೆಯಿಂದ ಗೋಡೆಗೆ ಹತ್ತು ಅಡಿ, ಒಂದೇ ಕಲ್ಲು, ಮಾಸ್ಟರು ಕೈಯಾರೆ ಬರೆದುಕೊಟ್ಟ ಚೀಟಿಯಂತೆ ಕತ್ತರಿಸಿದ್ದು. ನಾಲ್ಕು ಜನ ಏದುಸಿರು ಬಿಡುತ್ತ ಹೊತ್ತು ತಂದು ಕೂರಿಸಿದರು. ಎಡಕ್ಕೆ ಒತ್ತಿದರೆ ಬಲಗಡೆ ಎರಡು ಬೆರಳು ತೂರುವಷ್ಟು ಸಂದು. ಬಲಕ್ಕೆ ಒತ್ತಿದರೆ ಎಡಗಡೆ.

"ಎರಡಿಂಚು ಗಿಡ್ಡ" ಎಂದ ಮೇಸ್ತ್ರಿ.

"ಕಲ್ಲಿನಂಗಡಿಯವನು ಕೈ ಕೊಟ್ಟಿದ್ದಾನೆ" ಎಂದು ಮಾಸ್ಟರು ಕೊರಳ ಟೇಪು ಎಳೆದು ಗೋಡೆಯಿಂದ ಗೋಡೆಗೆ ಹಿಡಿದರು. ಅರವತ್ತು, ಮತ್ತೆ ಅರವತ್ತು. ಸರಿಯಾಗಿ ಹತ್ತು ಅಡಿ. ಮುಖ ಕೆಂಪಗಾಯಿತು. "ನೋಡು. ಕಲ್ಲು ವಾಪಸ್ ಕಳಿಸು."

ಮೇಸ್ತ್ರಿ ತನ್ನ ಸ್ಟೀಲ್ ಟೇಪು ಎಳೆದ. ತುಕ್ಕಿನ ಇಂಚು ಬಿಟ್ಟು, ಎರಡನೆಯದರಿಂದ ಎಣಿಸಿದ. ಗೋಡೆಯಿಂದ ಗೋಡೆಗೆ ನೂರಿಪ್ಪತ್ತೆರಡು. ಕಲ್ಲು ನೂರಿಪ್ಪತ್ತು.

"ಆ ಹಗ್ಗ ಇಲ್ಲಿ ಕೊಡಿ ಮಾಸ್ಟ್ರೇ."

ಎರಡು ಟೇಪುಗಳನ್ನೂ ಕಲ್ಲಿನ ಮೇಲೆ ಒಂದರ ಪಕ್ಕ ಒಂದು ಹಾಸಿದ. ಮಾಸ್ಟರ ಟೇಪಿನಲ್ಲಿ ಅರವತ್ತು ಇದ್ದ ಕಡೆ ಸ್ಟೀಲಿನಲ್ಲಿ, ತುಕ್ಕಿನ ಇಂಚು ಕಳೆದ ಮೇಲೂ, ಅರವತ್ತೊಂದು.

ವರ್ಷಗಟ್ಟಲೆ ಕೊರಳಲ್ಲಿ ಜೋತು, ಸಾವಿರಾರು ಎದೆ, ಸೊಂಟಗಳ ಸುತ್ತ ಎಳೆಸಿಕೊಂಡು ಅದು ಒಂದಿಂಚು ಹಿಗ್ಗಿತ್ತು. ಅಂಗಡಿಯಲ್ಲಿ ಅದು ಗೊತ್ತಾಗುವ ಸಂಭವವೇ ಇರಲಿಲ್ಲ. ಮೈ ಅಳೆದದ್ದೂ ಅದರಲ್ಲೇ, ಬಟ್ಟೆ ಅಳೆದದ್ದೂ ಅದರಲ್ಲೇ. ಎರಡೂ ಕಡೆ ಒಂದೇ ತಪ್ಪು, ಹಾಗಾಗಿ ಶರ್ಟು ಸರಿಯಾಗಿಯೇ ಕೂರುತ್ತಿತ್ತು. ಇಲ್ಲಿ ಅಳೆದದ್ದು ಇವರ ಟೇಪು, ಕತ್ತರಿಸಿದ್ದು ಬೇರೆಯವರದು.

ಮೇಸ್ತ್ರಿ ಸಮಾಧಾನ ಹೇಳತೊಡಗಿದ. "ಹೋಗ್ಲಿ ಬಿಡಿ, ಸಂದಿಗೆ ಒಂದು ಪಟ್ಟಿ ಕೂರಿಸ್ತೀನಿ. ನಿಮ್ಮ ಭಾಷೇಲಿ ತೇಪೆ."

ಮಾಸ್ಟರಿಗೆ ಅದು ಕೇಳಿಸಲಿಲ್ಲ. ಅವರ ಕಣ್ಣು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದೆಸಿಟ್ಟಿದ್ದ ವಾಕರ್ ಮೇಲೆ ನಿಂತಿತ್ತು. ಅದನ್ನೆತ್ತಿಕೊಂಡು ಬಾತ್ರೂಮಿನ ಬಾಗಿಲಿಗೆ ಹೋದರು. ಬಡಗಿ, ಹೇಳಿದ ಮಾತಿಗೆ ತಪ್ಪದೆ, ತನ್ನ ಟೇಪಿನಲ್ಲಿ ಇಪ್ಪತ್ತೈದೂವರೆಗೇ ಚೌಕಟ್ಟು ಮಾಡಿದ್ದ. ವಾಕರಿನ ಮುಂದಿನ ಎರಡು ಕಾಲು ಒಳಗೆ ಹೋದವು. ಹಿಂದಿನವು ಚೌಕಟ್ಟಿಗೆ ಕಚ್ಚಿಕೊಂಡು ನಿಂತವು. ತಳ್ಳಿದರೆ ಮುಂದೆ ಹೋಗದು, ಎಳೆದರೆ ಹಿಂದೆ ಬಾರದು.

ಹಿಗ್ಗಿದ ಟೇಪಿನ ಇಪ್ಪತ್ತೈದು ನಿಜಕ್ಕೆ ಹತ್ತಿರ ಹತ್ತಿರ ಇಪ್ಪತ್ತೈದೂವರೆ. ಅರ್ಧ ಇಂಚು ಲೂಸನ್ನು ಟೇಪೇ ತಿಂದುಹಾಕಿತ್ತು.

ಮಾಸ್ಟರು ಅಲ್ಲೇ ಸಿಮೆಂಟು ಚೀಲದ ಮೇಲೆ ಕೂತರು. "ಅವಳು ಕೇಳಿದ್ದು ಇದೊಂದೇ ಕಣೋ" ಎಂದರು. ಮೇಸ್ತ್ರಿ ಮೊದಲ ಸಲ ತಮಾಷೆ ಮಾಡಲಿಲ್ಲ. ಚೌಕಟ್ಟಿನ ಮರವನ್ನು ಬೆರಳಲ್ಲಿ ತಟ್ಟಿ ನೋಡಿದ.

"ಎರಡೂ ಕಡೆ ಮರವೇ ಎರಡೂಮುಕ್ಕಾಲು ಇಂಚು ತಿಂದಿದೆ. ಚೌಕಟ್ಟು ಕಿತ್ತುಬಿಡೋಣ. ಮೂವತ್ತೊಂದು ಸಿಗತ್ತೆ. ಆದ್ರೆ ಬಾಗಿಲಿರಲ್ಲ. ಹೊಸದು ಮಾಡಿಸೋಕೆ ಹದಿನೈದು ದಿನ."

"ನಿನ್ನ ಹದಿನೈದೋ, ಕ್ಯಾಲೆಂಡರ್ ಹದಿನೈದೋ?"

"ಬಡಗಿದು" ಎಂದ ಮೇಸ್ತ್ರಿ.

ಹೊಸದಾಗಿ ಬಣ್ಣ ಹೊಡೆದ ಚೌಕಟ್ಟು ಮಧ್ಯಾಹ್ನದೊಳಗೆ ತುಂಡುತುಂಡಾಗಿ ಹೊರಗೆ ಬಂತು. ಅದರ ಜೊತೆ ಹನ್ನೊಂದು ಟೈಲ್ಸೂ. ಮಾಸ್ಟರು ಅಂಗಡಿಗೆ ಹೋಗಿ ಇದ್ದುದರಲ್ಲಿ ದಪ್ಪನೆಯ ಕಪ್ಪು ಬಟ್ಟೆ ಆರಿಸಿದರು. ಬಾಗಿಲಿನ ಜಾಗ ಅಳೆದದ್ದು ಅದೇ ಹಿಗ್ಗಿದ ಟೇಪಿನಲ್ಲಿ, ಬಟ್ಟೆ ಅಳೆದದ್ದೂ ಅದರಲ್ಲೇ. ಎರಡು ಪದರದ ಪರದೆ ನೆಲಕ್ಕೆ ಅರ್ಧ ಇಂಚು ಮೇಲೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಐದು ವಾರಗಳಲ್ಲಿ ಆ ಮನೆಯಲ್ಲಿ ಸರಿಯಾಗಿ ಕೂತ ವಸ್ತು ಅದೊಂದೇ.

ಗುರುವಾರ ಹೆಂಡತಿ ಬಂದರು. ಕಟ್ಟೆಯ ಸಂದು, ಬೇರೆ ಛಾಯೆಯ ಐದು ಟೈಲ್ಸು, ಬಾಗಿಲ ಸುತ್ತ ಕಿತ್ತುಹೋದ ಗೋಡೆ, ಒಂದೊಂದನ್ನೂ ನೋಡಿದರು.

"ಬಾಗಿಲು ಎಲ್ಲಿ?"

"ಹದಿನೈದು ದಿನ" ಎಂದರು. ಆಮೇಲೆ ಟೇಪಿನ ಕಥೆಯನ್ನು ಒಂದಕ್ಷರ ಮುಚ್ಚಿಡದೆ ಹೇಳಿದರು.

"ಮೇಸ್ತ್ರಿ ಮೂವತ್ತು ಇಂಚು ಅಂದಿದ್ರಾ?"

"ಅಂದಿದ್ದ."

ಆಕೆ ವಾಕರ್ ಹಿಡಿದು ಎದ್ದರು. ಮೆಟ್ಟಿಲು ತೆಗೆದು ನೆಲ ಸಮ ಮಾಡಿದ್ದರು, ಒಳಗೆ ಕಮೋಡು ಬಂದಿತ್ತು. ನಾಲ್ಕು ಕಾಲೂ ಗೋಡೆ ಸೋಕದೆ ಪರದೆ ದಾಟಿದವು. ಪರದೆ ಮತ್ತೆ ನೇರವಾಗಿ ಇಳಿಬಿತ್ತು. ಒಳಗೆ ವಾಕರಿನ ರಬ್ಬರ್ ಕಾಲು ನೆಲಕ್ಕೆ ಊರುವ ಸದ್ದು, ನೀರಿನ ಸದ್ದು. ಮಾಸ್ಟರು ಹೊರಗೆ ಕೈ ಮುಂದೆ ಚಾಚಿಕೊಂಡೇ ನಿಂತಿದ್ದರು.

"ರೀ, ಪರದೆ ಕೆಳಗೆ ನಿಮ್ಮ ಕಾಲ್ಬೆರಳು ಕಾಣ್ತಿದೆ. ಆ ಕಡೆ ಹೋಗಿ."

ಅವರು ಅಡುಗೆಮನೆಗೆ ಹೋದರು. ಕಟ್ಟೆಯ ಮೇಲೆ ಬಿಟ್ಟಿದ್ದ ಪೆನ್ಸಿಲ್ಲು ಕೈ ತಾಗಿ ಉರುಳಿ, ಆ ಎರಡಿಂಚಿನ ಸಂದಿನಲ್ಲಿ ಬಿದ್ದು ಮಾಯವಾಯಿತು.