ಸಪ್ಪಲಮ್ಮನ ರಿವಾಲ್ವರುಗಳು

ಮಾವ ರಾಮಯ್ಯನವರ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, ಯಡಿಯೂರಿನ ಆ ಮನೆಯಲ್ಲಿ ಯಾರಿಗೂ ಬೇಡದ ವಸ್ತುವೊಂದು ಉಳಿಯಿತು. ಅದು ಅವರ ರಿವಾಲ್ವರು. ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾಗಿ, ದಾಯಾದಿಗಳ ಜಗಳ ಜೋರಾದ ಕಾಲದಲ್ಲಿ ಅವರು ಲೈಸೆನ್ಸ್ ಮಾಡಿಸಿ ಕೊಂಡಿದ್ದ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ರಿವಾಲ್ವರು. ಅದರಿಂದ ಒಂದು ಗುಂಡನ್ನೂ ಅವರು ಹಾರಿಸಿದವರಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರತೆಗೆದು, ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಬೀರುವಿಗೆ ಸೇರಿಸುತ್ತಿದ್ದರು, ಅಷ್ಟೆ.

"ಸ್ಟೇಷನ್ನಿಗೆ ಕೊಟ್ಟುಬಿಡೋಣ, ನಮಗ್ಯಾಕೆ ಈ ತಲೆನೋವು," ಎಂದ ಮಗ ತಿರುಮಲೇಶ. ಅವನಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಅಂಗಡಿ. ದೀಪಾವಳಿಯ ಪಟಾಕಿ ಸದ್ದಿಗೂ ಕಿವಿಗೆ ಹತ್ತಿ ತುರುಕಿಕೊಳ್ಳುವ ಸಾಧು ಮನುಷ್ಯ.

"ನನ್ನ ಹೆಸರಿಗೆ ಮಾಡಿಸಿ," ಎಂದಳು ಅವನ ಹೆಂಡತಿ ಸಪ್ಪಲಮ್ಮ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹೊಸಕೆರೆಹಳ್ಳಿಯಲ್ಲಿ ಹುಟ್ಟಿ, ಊರದೇವತೆಯ ಹೆಸರು ಹೊತ್ತು, ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದವಳು. ಮಾವನಿಗೆ ಮುದ್ದೆ ಕಟ್ಟುವುದು, ಬಾಡಿಗೆ ಮನೆಯವರ ನೀರಿನ ತಂಟೆ ಬಿಡಿಸುವುದು, ಮಗಳು ಚೈತ್ರಳನ್ನು ಓದಿಸುವುದು, ಇದರಲ್ಲೇ ತಲೆ ನರೆಯತೊಡಗಿತ್ತು. ಆದರೆ ಆಯುಧಪೂಜೆಯ ಹಿಂದಿನ ದಿನ ಆ ರಿವಾಲ್ವರನ್ನು ಬಟ್ಟೆಯಿಂದ ಒರೆಸುತ್ತಿದ್ದವಳು ಅವಳೇ. ಅಂಗೈ ಮೇಲೆ ಅದರ ಭಾರ ಕೂತಾಗ ಏನೋ ಒಂದು ಹಿತವಾಗುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಲೈಸೆನ್ಸಿನ ವಿಚಾರಣೆಗೆಂದು ಕರೆದ ಇನ್ಸ್‌ಪೆಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಏನಮ್ಮಾ, ಯಾರನ್ನ ಹೊಡೀಬೇಕು ಅಂತಿದ್ದೀರಾ?"

"ಯಾರನ್ನೂ ಇಲ್ಲ ಸಾರ್. ಮಾವನೋರದು. ಮನೇಲೇ ಇರಲಿ ಅಂತ."

"ಹೊಡೆಯೋಕೆ ಬರುತ್ತಾ?"

"ಕಲೀತೀನಿ."

ಕಲಿತಳು. ಕನಕಪುರ ರಸ್ತೆಯಿಂದ ಒಳಗೆ ಹೋದರೆ ಒಂದು ಶೂಟಿಂಗ್ ರೇಂಜ್ ಇತ್ತು. ಸೇನೆಯಿಂದ ನಿವೃತ್ತನಾಗಿ ಬಂದ ಪ್ರಸನ್ನ ಎಂಬಾತ ಅಲ್ಲಿ ಕಲಿಸುತ್ತಿದ್ದ. ಮೊದಲ ದಿನ ಅವನು ಅವಳ ಕಿವಿಗೆ ದಪ್ಪನೆಯ ಮುಚ್ಚಳಗಳನ್ನು ತೊಡಿಸಿದ. ತೊಡಿಸಿದ್ದೇ ತಡ, ಲೋಕವೆಲ್ಲ ತೆಪ್ಪಗಾಯಿತು. ಕುಕ್ಕರಿನ ಕೂಗಿಲ್ಲ, ಬಾಗಿಲ ಗಂಟೆಯಿಲ್ಲ, ನೀರಿನ ಮೋಟಾರಿಲ್ಲ, "ಸಪ್ಪಲಾ" ಎಂದು ಯಾರೂ ಕರೆಯುತ್ತಿಲ್ಲ. ಇಷ್ಟು ವರ್ಷದಲ್ಲಿ ಅಂಥ ಮೌನ ಅವಳಿಗೆ ಸಿಕ್ಕಿರಲೇ ಇಲ್ಲ. ಉಸಿರು ಅರ್ಧ ಬಿಟ್ಟು, ನಳಿಗೆಯ ತುದಿಯ ಚಿಕ್ಕ ಗುರುತನ್ನು ದೂರದ ಕಪ್ಪು ವೃತ್ತಕ್ಕೆ ಹೊಂದಿಸಿ, ಬೆರಳನ್ನು ಮೆಲ್ಲಗೆ ಒತ್ತಿದಳು. ಕೈ ಮೇಲಕ್ಕೆ ಜಿಗಿಯಿತು, ಮೂಗಿಗೆ ಮದ್ದಿನ ಘಾಟು ಬಡಿಯಿತು. ಅವಳು ಜೋರಾಗಿ ನಕ್ಕುಬಿಟ್ಟಳು.

"ಹೆದರಿಕೊಳ್ತೀರಿ ಅಂದ್ಕೊಂಡಿದ್ದೆ ಅಮ್ಮ," ಎಂದ ಪ್ರಸನ್ನ.

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣಪ್ಪ. ಇನ್ನೊಂದು ಹೊಡೀಲಾ?"

ತಿರುಮಲೇಶ ಹೊರಗೆ ಕಾರಿನ ಗಾಜು ಏರಿಸಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ. ಹೆಂಡತಿಯನ್ನು ಕರೆತಂದು ಕರೆದೊಯ್ಯುವುದಷ್ಟೇ ತನ್ನ ಕೆಲಸ ಎಂದುಕೊಂಡಿದ್ದ. ಆದರೆ ಮನೆಗೆ ಬಂದು ಅವಳು ರಿವಾಲ್ವರಿಗೆ ಎಣ್ಣೆ ಹಾಕಲು ಕೂತಾಗ ಅವನಿಗೆ ನೋಡಲಾಗಲಿಲ್ಲ.

"ತಾ ಇಲ್ಲಿ. ಇದೇನು, ರೊಟ್ಟಿಗೆ ಬೆಣ್ಣೆ ಬಳಿದಂಗೆ ಬಳೀತಿದ್ದೀಯಾ?"

ಅಂಗಡಿಯಿಂದ ತನ್ನ ಸಣ್ಣ ಬ್ರಷ್ಷು, ಸೂಜಿಮೂತಿಯ ಎಣ್ಣೆಡಬ್ಬಿ ತರಿಸಿಕೊಂಡ. ಖಾಲಿ ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿದ. ಟ್ರಿಗರನ್ನು ಮೆತ್ತಗೆ ಎಳೆದು, ಬಿಟ್ಟು, ಮತ್ತೆ ಎಳೆದ. ಅವನ ಮುಖ ಅರಳಿತು. "ನೋಡು ಸಪ್ಪಲ, ಎಳೆದ ತಕ್ಷಣ ಸಿಲಿಂಡರು ತಾನಾಗೇ ಗುಂಡು ಕೂರೋ ಒಂದು ಮನೆ ಮುಂದಕ್ಕೆ ತಿರುಗುತ್ತೆ. ಮಿಷನ್ನಲ್ಲಿ ಒಂದೊಂದು ಹೊಲಿಗೆಗೂ ಬಟ್ಟೆ ಮುಂದಕ್ಕೆ ಹೋಗಲ್ವಾ, ಅದೇ ತರ. ಎಂಥಾ ತಲೆ ಓಡ್ಸಿದ್ದಾರೆ!"

ಅಂದಿನಿಂದ ಹೊಡೆಯುವುದು ಅವಳ ಪಾಲಿಗೆ, ಶುಚಿ ಮಾಡುವುದು ಅವನ ಪಾಲಿಗೆ ಎಂದಾಯಿತು. ಸಂಗ್ರಹಿಸುವ ಹುಚ್ಚು ಹಿಡಿದದ್ದೂ ಅವನಿಗೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ ರಿವಾಲ್ವರೊಂದಕ್ಕೆ ಅವಳ ಹೆಸರಿನಲ್ಲಿ ಅರ್ಜಿ ಹಾಕಿಸಿದ. ಅದು ಬಂದ ದಿನ ಮಗು ಹುಟ್ಟಿದ ಮನೆಯ ಹಾಗೆ ಅಕ್ಕಪಕ್ಕದವರಿಗೆಲ್ಲ ಪೇಡ ಹಂಚಿದ, ಯಾಕೆಂದು ಮಾತ್ರ ಹೇಳಲಿಲ್ಲ. ಮೂರನೆಯದು ಜಯನಗರದ ಒಬ್ಬ ಸೇನಾಧಿಕಾರಿಯ ಮನೆಯದು. ಅವರು ತೀರಿಕೊಂಡ ಮೇಲೆ ಅವರ ಮಕ್ಕಳು ಮಾರುತ್ತಿದ್ದರು. ನೀಲಿ ಹೊಳಪಿನ, ಅಕ್ರೋಟು ಮರದ ಹಿಡಿಯ, ಅಮೆರಿಕದಲ್ಲಿ ತಯಾರಾದ ರಿವಾಲ್ವರು. ಅದನ್ನು ಅವನು ಕಂಪನಿಯ ಹೆಸರು ಹಿಡಿದು ಕರೆಯದೆ "ನೀಲಿ" ಎಂದೇ ಕರೆಯುತ್ತಿದ್ದ.

ನೆಂಟರ ಮನೆಯ ಮದುವೆಗಳಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ಸಪ್ಪಲಕ್ಕನ ಹತ್ರ ಜೋರಾಗಿ ಮಾತಾಡಬೇಡ್ರೇ," ಎನ್ನುತ್ತಿದ್ದರು. ಅವಳೂ ಅವರ ಜೊತೆ ನಗುತ್ತಿದ್ದಳು. ಅವಳ ಭಾನುವಾರಗಳು ತುಂಬಿಕೊಂಡಿದ್ದವು. ಬೆಳಗಿನ ತಿಂಡಿ ಮುಗಿಸಿ ಇಬ್ಬರೂ ಹೊರಡುವುದು, ಅವಳು ಹೊಡೆದು ಬಂದು ತೂತುಬಿದ್ದ ಕಾಗದವನ್ನು ಅವನ ಮುಂದೆ ಹರಡುವುದು, ಅವನು ಕನ್ನಡಕ ಏರಿಸಿ "ಇದೊಂದು ಎಡಕ್ಕೆ ಓಡಿದೆಯಲ್ಲ, ಏನಾಯ್ತು?" ಎಂದು ವಿಚಾರಿಸುವುದು. ಹಿರಿಯ ಮಹಿಳೆಯರ ಪಂದ್ಯದಲ್ಲಿ ಒಮ್ಮೆ ಅವಳಿಗೆ ಕಂಚಿನ ಪದಕ ಬಂತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಗಂಡ ಹೆಂಡತಿ ಮಾತಾಡಿಕೊಳ್ಳಲು ಹೊಸ ವಿಷಯವೊಂದು ಸಿಕ್ಕಿತ್ತು.

ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರಕೂಡದೆಂಬ ಕಾನೂನು ಬಂದಾಗ ಒಂದನ್ನು ಕೊಡಲೇಬೇಕಾಯಿತು. ಅವನು ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಇಡೀ ದಿನ ಕೂತ. ಕೊನೆಗೆ ಕಾನ್ಪುರದ್ದನ್ನು ದೂರ ಸರಿಸಿ, "ಇದಿನ್ನೂ ಚಿಕ್ಕದು, ಎಲ್ಲಾದ್ರೂ ಹೊಂದ್ಕೊಳ್ಳುತ್ತೆ," ಎಂದ. ಅವಳಿಗೆ ನಗು ಬಂತು. ಅವನು ನಗಲಿಲ್ಲ.

ತಿರುಮಲೇಶನ ಮರೆವು ಯಾವಾಗ ಶುರುವಾಯಿತೆಂದು ಅವಳಿಗೆ ಸರಿಯಾಗಿ ಹೇಳಲಾಗದು. ಗಿರಾಕಿಯೊಬ್ಬಳ ಮಿಷನ್ ಬಿಚ್ಚಿಟ್ಟು, ಅದು ಯಾರದೆಂದು ಗೊತ್ತಾಗದೆ ಇನ್ನೊಬ್ಬಳಿಗೆ ಕೊಟ್ಟುಬಿಟ್ಟಿದ್ದ. ಚೈತ್ರಳ ಗಂಡನ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ವಯಸ್ಸು ಎಂದುಕೊಂಡರು. ಒಂದು ಸಂಜೆ ಅಂಗಡಿ ಮುಚ್ಚಿ ಹೊರಟವನು ಮನೆಗೆ ಬರಲೇ ಇಲ್ಲ. ಮೂವತ್ತು ವರ್ಷ ನಡೆದ ದಾರಿ ತಪ್ಪಿ, ಬನಶಂಕರಿ ಬಸ್ ನಿಲ್ದಾಣದ ಹತ್ತಿರ ನಿಂತಿದ್ದವನನ್ನು ಪರಿಚಯದ ಹೂವಿನವಳೊಬ್ಬಳು ಆಟೋದಲ್ಲಿ ಕರೆತಂದಳು. ಆಮೇಲೆ ಡಾಕ್ಟರು, ಸ್ಕ್ಯಾನು, ಮಾತ್ರೆ. ಈ ಕಾಯಿಲೆಯನ್ನು ನಿಧಾನ ಮಾಡಬಹುದು, ವಾಪಸ್ಸು ಕಳಿಸಲಾಗದು ಎಂದರು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಆದರೂ ರಿವಾಲ್ವರು ಶುಚಿ ಮಾಡುವುದನ್ನು ಅವನ ಕೈಗಳು ಮರೆಯಲಿಲ್ಲ. ಮೊಮ್ಮಗಳ ಹೆಸರು ಮರೆತವನು, ಊಟ ಮಾಡಿದ್ದನ್ನು ಮರೆತವನು, ಭಾನುವಾರ ಮಧ್ಯಾಹ್ನ ಹಳೆಯ ಪಂಚೆಯ ತುಂಡು ಹಾಸಿಕೊಂಡು ಕೂತನೆಂದರೆ ಒಂದು ಹನಿ ಎಣ್ಣೆಯೂ ಹೆಚ್ಚಾಗುತ್ತಿರಲಿಲ್ಲ. ಆ ಒಂದು ಗಂಟೆ ಅವನು ಮೊದಲಿನ ತಿರುಮಲೇಶನೇ. "ಈ ನೀಲಿಗೆ ಶೀತ ಆಗಲ್ಲ ಸಪ್ಪಲ, ಮಾವಂದಕ್ಕೆ ಬೇಗ ಶೀತ," ಎಂದು ತನ್ನ ಅಪ್ಪನನ್ನೇ ಮಾವ ಎಂದು ಕರೆಯುತ್ತಾ ತಮಾಷೆ ಮಾಡುತ್ತಿದ್ದ. ಅದು ತಮಾಷೆಯೋ ಮರೆವೋ ಎಂದು ಅವಳು ಕೇಳಲು ಹೋಗುತ್ತಿರಲಿಲ್ಲ.

ಜೆ.ಪಿ. ನಗರದಲ್ಲಿದ್ದ ಚೈತ್ರ ವಾರವಾರವೂ ಬಂದು ಜಗಳ ಆಡುತ್ತಿದ್ದಳು. "ಅಮ್ಮಾ, ಇಂಥ ಸ್ಥಿತೀಲಿ ಇರೋರ ಮನೇಲಿ ಅದನ್ನ ಇಟ್ಕೋಬಾರದು. ಡಾಕ್ಟರ್ ಕೂಡ ಹೇಳಿದ್ರಲ್ವಾ?"

"ತೋಟಾ ಎಲ್ಲಾ ಬೇರೆ ಲಾಕರಲ್ಲಿದೆ ಕಣೇ. ಬೀಗದಕೈ ನನ್ನ ಸರದಲ್ಲೇ ಇದೆ, ನೋಡು."

"ಬರೀ ಬೀಗದಕೈ ವಿಷಯ ಅಲ್ಲಮ್ಮ."

ಅಲ್ಲವೆಂದು ಅವಳಿಗೂ ಗೊತ್ತಿತ್ತು. ಆ ಒಂದು ಗಂಟೆಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಶುಚಿ ಮಾಡುತ್ತಿದ್ದಾಗಲೇ ಕೆಳಗಿನ ಬಾಡಿಗೆ ಮನೆಯವರು ಕೂಗಿದರು. ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿತ್ತು. ಮೋಟಾರು ನಿಲ್ಲಿಸಿ ಅವಳು ಮೇಲೆ ಬಂದಾಗ ನಡುಮನೆಯಲ್ಲಿ ಅವನಿರಲಿಲ್ಲ. ಕೋಣೆಯ ಬಾಗಿಲ ಸಂದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಎರಡೂ ಕೈಯಲ್ಲಿ ನೀಲಿ ರಿವಾಲ್ವರು ಹಿಡಿದಿದ್ದ. ಹಣೆಯೆಲ್ಲ ಬೆವರು.

"ಶ್‌..." ಎಂದ ಅವಳನ್ನು ಕಂಡು. "ಒಳಗೆ ಬನ್ನಿ, ಬಾಗಿಲು ಹಾಕಿ. ನೀವು ಯಾರ ಮನೆಯೋರು?"

ಅವಳು ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಇಲ್ಲೇ... ಕೆಳಗಡೆ ಮನೆಯೋಳು," ಎಂದಳು.

"ಬೆಳಗಿಂದ ಯಾವಳೋ ಒಬ್ಬಳು ನಮ್ಮ ಮನೇಲಿ ಓಡಾಡ್ತಿದ್ದಾಳೆ. ಅಡಿಗೆಮನೆಗೂ ಹೋದಳು. ನನಗೆ ಕಾಫಿ ಬೇರೆ ಕೊಟ್ಟಳು. ಏನು ಬೆರೆಸಿದ್ದಾಳೋ." ಅವನು ಅಡಿಗೆಮನೆಯ ಕಡೆಗೆ ಕತ್ತು ಚಾಚಿ ನೋಡಿದ. "ಒಂದು ಉಪಕಾರ ಮಾಡಿ. ನಮ್ಮ ಮನೆಯೋಳನ್ನ ಕರೀರಿ. ಸಪ್ಪಲಮ್ಮ ಅಂತ. ನನಗೆ ಹೊಡೆಯೋಕೆ ಬರಲ್ಲ, ಅವಳಿಗೆ ಬರುತ್ತೆ. ಅವಳ ಗುರಿ ತಪ್ಪೋದೇ ಇಲ್ಲ."

ಅವಳು ಅವನೆದುರು ನೆಲದ ಮೇಲೆ ಕೂತಳು. ಕೈ ಚಾಚಿದಳು. "ಕೊಡಿ ಅಣ್ಣ. ಅವರಿಗೆ ತಲುಪಿಸ್ತೀನಿ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ನಂಬಬಹುದು ಎನ್ನಿಸಿರಬೇಕು. "ಹುಷಾರು. ನಳಿಗೆ ಬಾಯಿ ನೆಲದ ಕಡೆಗಿರಲಿ," ಎಂದು ಹಿಡಿ ಮುಂದೆ ಮಾಡಿ ಕೊಟ್ಟ.

ಸಿಲಿಂಡರು ಬಿಚ್ಚಿ ನೋಡಿದಳು. ಆರೂ ಮನೆಗಳು ಖಾಲಿ. ಖಾಲಿಯೇ ಇರುತ್ತವೆಂದು ಗೊತ್ತಿದ್ದರೂ ಮತ್ತೊಮ್ಮೆ ತಿರುಗಿಸಿ ನೋಡಿದಳು. ಅವನ ಪಕ್ಕದಲ್ಲೇ ಗೋಡೆಗೊರಗಿ ಕೂತಳು. ಸ್ವಲ್ಪ ಹೊತ್ತಿಗೆ ಅವನು, "ಸಪ್ಪಲ, ನೆಲದ ಮೇಲೆ ಯಾಕೆ ಕೂತಿದ್ದೀವಿ?" ಎಂದು ಕೇಳಿದ.

ಆ ವಾರವೇ ಅನುಮತಿಗೆ ಓಡಾಡಿದಳು. ನೀಲಿಯನ್ನು ಪೇಟೆಯ ಬಂದೂಕು ವ್ಯಾಪಾರಿ ತೆಗೆದುಕೊಂಡ. ಮಾವನ ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಕೊಳ್ಳುವವರಿಲ್ಲ ಎಂದ. ಅದನ್ನು ಸ್ಟೇಷನ್ನಿಗೆ ಒಪ್ಪಿಸಿದಳು. ಕೊಡುವ ಮುನ್ನ ತಾನೇ ಕೂತು ಎರಡನ್ನೂ ಒರೆಸಿದಳು. ಅಪ್ಪನ ಜೊತೆ ಮನೆಯಲ್ಲಿ ಉಳಿದಿದ್ದ ಚೈತ್ರ, ತಾಯಿ ಬರಿಗೈಯಲ್ಲಿ ಮೆಟ್ಟಿಲು ಹತ್ತಿ ಬಂದದ್ದನ್ನು ಕಂಡು ಊಟಕ್ಕೆ ತಟ್ಟೆ ಹಾಕಿದಳು.

ಭಾನುವಾರ ಅವನು ಪಂಚೆಯ ತುಂಡು ಹಿಡಿದು ಬೀರುವಿನ ಮುಂದೆ ನಿಂತ. "ಎಲ್ಲಿ?"

"ಕೊಟ್ಟುಬಿಟ್ಟೆ ರೀ."

"ಎರಡನ್ನೂ?"

"ಎರಡನ್ನೂ."

ಅವನು ಮಂಚದ ಮೇಲೆ ಕೂತು ಅತ್ತ. ಸಂಜೆಯ ಹೊತ್ತಿಗೆ ಮರೆತ. ಮರುದಿನ ಮತ್ತೆ ಬೀರು ತೆಗೆದು ಕೇಳಿದ, ಅವಳು ಮತ್ತೆ ನಿಜ ಹೇಳಿದಳು, ಅವನು ಮತ್ತೆ ಆಗಷ್ಟೇ ಕೇಳಿದವನಂತೆ ಅತ್ತ. ಹೀಗೆ ಹಲವು ಸಲ ಆಯಿತು. ಕೊನೆಗೊಂದು ದಿನ ಅವಳ ಬಾಯಿಂದ ತಾನಾಗಿ ಬಂತು. "ಎಲೆಕ್ಷನ್ ಅಲ್ವೇನ್ರೀ? ಸ್ಟೇಷನ್ನಲ್ಲಿ ಇಟ್ಕೊಂಡವ್ರೆ."

ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇರುವವರೆಲ್ಲ ಆಯುಧಗಳನ್ನು ಠಾಣೆಯಲ್ಲಿಟ್ಟು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಅವರೂ ಪ್ರತಿ ಸಲ ಹಾಗೇ ಮಾಡಿದ್ದರು. ಅದೊಂದು ಅವನ ತಲೆಯಲ್ಲಿ ಎಲ್ಲೋ ಉಳಿದಿತ್ತು.

"ಹೌದಲ್ವಾ," ಎಂದ, ಮುಖ ತಿಳಿಯಾಯಿತು. "ಮುಗಿದ ತಕ್ಷಣ ತಗೊಂಬಾ. ಅವರೇನು ಒರೆಸ್ತಾರಾ, ತುಕ್ಕು ಹಿಡಿಸಿರ್ತಾರೆ."

ಆಮೇಲೆ ಅದೇ ಉತ್ತರ. ವಿಧಾನಸಭೆಯ ಚುನಾವಣೆ ಮುಗಿಯಿತು, ಲೋಕಸಭೆಯದೂ ಬಂದು ಹೋಯಿತು. ಆ ಮನೆಯಲ್ಲಿ ಮಾತ್ರ ಎಲೆಕ್ಷನ್ ಮುಗಿಯಲಿಲ್ಲ. ಆ ಒಂದು ಮಧ್ಯಾಹ್ನ ಬಿಟ್ಟರೆ ಮದುವೆಯಾದಾಗಿನಿಂದ ಗಂಡನಿಗೆ ಒಂದು ಸುಳ್ಳೂ ಹೇಳದವಳು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಎಂದಿಗೆ ಇವರು ಈ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರಪ್ಪ ಎಂದುಕೊಳ್ಳುತ್ತಿದ್ದಳು.

ನಿಲ್ಲಿಸಿದ. ಒಂದು ದಿನ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಮಲಗಿದಲ್ಲೇ ಸೂರು ನೋಡುತ್ತಿದ್ದ. ಈಗ ಕೇಳಿಯಾನು, ಆಗ ಕೇಳಿಯಾನು ಎಂದು ಅವಳು ಕೆಲಸದ ನಡುವೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ತಡೆಯಲಾರದೆ ಹತ್ತಿರ ಕೂತು, "ರೀ, ಎಲೆಕ್ಷನ್ ಮುಗೀತು ರೀ," ಎಂದಳು. ಮನೆಗೆ ಬಂದ ಅತಿಥಿಗೆ ನಗುವಂತೆ ಅವನು ಮರ್ಯಾದೆಯಿಂದ ನಕ್ಕ. "ಒಳ್ಳೇದಾಯ್ತು ತಾಯಿ," ಎಂದ.

ಮರುವರ್ಷ ಆಷಾಢದಲ್ಲಿ ಶ್ವಾಸಕೋಶಕ್ಕೆ ನಂಜು ಏರಿ ಅವನು ಹೋಗಿಬಿಟ್ಟ. ಆಸ್ಪತ್ರೆಯಲ್ಲಿ ಕೊನೆಯವರೆಗೂ ಅವಳ ಕೈ ಹಿಡಿದಿದ್ದ. ಯಾರ ಕೈ ಎಂದು ತಿಳಿದು ಹಿಡಿದಿದ್ದನೋ ಇಲ್ಲವೋ, ಅವಳಿಗೆ ಗೊತ್ತಿಲ್ಲ. ಮಣ್ಣಿಗೆ ಬಂದಿದ್ದ ಪ್ರಸನ್ನ ತಲೆ ತಗ್ಗಿಸಿ ನಿಂತಿದ್ದು, ಎಲ್ಲ ಮುಗಿದ ಮೇಲೆ ಹೊರಟುಹೋದ.

ತಿಂಗಳುಗಳು ಕಳೆದ ಮೇಲೆ ಅವನೇ ಫೋನ್ ಮಾಡಿದ. "ಒಂದ್ಸಲ ಬನ್ನಿ ಅಮ್ಮ. ರೇಂಜಿನ ರಿವಾಲ್ವರೇ ಇದೆ, ಅದ್ರಲ್ಲಿ ಹೊಡೀರಿ." ಬೇಡವೆಂದಳು. ಇನ್ನೊಮ್ಮೆ ಕರೆದಾಗಲೂ ಬೇಡವೆಂದಳು. ಸಂಕ್ರಾಂತಿ ಕಳೆದ ಒಂದು ಭಾನುವಾರ, ಯಾರಿಗೂ ಹೇಳದೆ, ಸೌತ್ ಎಂಡ್ ಸರ್ಕಲ್ಲಿನಲ್ಲಿ ಮೆಟ್ರೋ ಹತ್ತಿದಳು.

ರೇಂಜಿನಲ್ಲಿ ಹೊಸ ಹೊಸ ಮುಖಗಳಿದ್ದವು. ಪ್ರಸನ್ನ ತೋಟಾ ತುಂಬಿ ಕೊಟ್ಟ. ಮೊದಲ ಗುಂಡು ಕಾಗದದ ಅಂಚಿಗೆ ಹೋಯಿತು. ಉಳಿದ ಐದೂ ಕಪ್ಪಿನೊಳಗೆ, ಒಂದರ ಪಕ್ಕ ಒಂದು ಬಿದ್ದವು. "ಇನ್ನೊಂದು ಸುತ್ತು ಅಮ್ಮ?" ಎಂದ. "ಸಾಕು ಕಣಪ್ಪ," ಎಂದು ನಳಿಗೆಯ ಬಾಯಿ ಕೆಳಗೆ ಮಾಡಿ ರಿವಾಲ್ವರನ್ನು ಮೇಜಿನ ಮೇಲಿಟ್ಟಳು.

ವಾಪಸ್ಸು ಬರುವಾಗ ಚೈತ್ರಳ ಫೋನು ಬಂತು. "ಎಲ್ಲಮ್ಮಾ ಇದ್ದೀಯಾ? ಮನೆಗೆ ಬಂದ್ರೆ ಬೀಗ ಹಾಕಿದೆ."

"ರೇಂಜಿಗೆ ಹೋಗಿದ್ದೆ."

"ಹೆಂಗಾಯ್ತು?"

"ಕೈ ಇನ್ನೂ ಚೆನ್ನಾಗೇ ಇದೆ ಕಣೇ," ಎಂದಳು ಸಪ್ಪಲಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೈಲು ಒಂದೊಂದೇ ನಿಲ್ದಾಣ ದಾಟುತ್ತಿತ್ತು. ಚೈತ್ರ ಫೋನ್ ಇಡದೆ, ಬೀಗ ಹಾಕಿದ ಬಾಗಿಲ ಮುಂದೆ, ತಾಯಿ ಅಳುವುದನ್ನು ಕೇಳಿಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತಳು.